ಗೇಮ್‌ಗಳಿಗೆ ಅಂಕ ಕೊಡುವವರಿಗೆ ನನ್ನ ಅಂಕ: ಮೆಟಾಕ್ರಿಟಿಕ್, ಓಪನ್‌ಕ್ರಿಟಿಕ್, ಸ್ಟೀಮ್ ಬಳಸಿದ ಅನುಭವ

ದೊಡ್ಡ ಕಂಪನಿಯ ಹೊಸ ಗೇಮ್ ಅಂದರೆ ಈಗ ನಾಲ್ಕು ಸಾವಿರ ರೂಪಾಯಿಯ ಆಸುಪಾಸು. ಅಷ್ಟು ದುಡ್ಡು ಹಾಕುವ ಮುಂಚೆ ನಾಲ್ಕು ಜನರನ್ನು ವಿಚಾರಿಸದೇ ಇರೋಕಾಗುತ್ತಾ? ನಾನು ವಿಚಾರಿಸುವುದು ಮೂರು ಕಡೆ. ವಿಮರ್ಶಕರ ಅಂಕಗಳನ್ನು ಒಟ್ಟು ಮಾಡಿ ತೋರಿಸುವ ಮೆಟಾಕ್ರಿಟಿಕ್, ಓಪನ್‌ಕ್ರಿಟಿಕ್ ಸೈಟುಗಳು, ಆಮೇಲೆ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಗೇಮ್ ಕೊಂಡವರೇ ಬರೆಯುವ ವಿಮರ್ಶೆ. ಮೂರನ್ನೂ ವರ್ಷಗಟ್ಟಲೆಯಿಂದ ಬಳಸುತ್ತಿದ್ದೇನೆ. ಯಾವುದು ಯಾವುದಕ್ಕೆ ಉಪಯೋಗ, ಯಾವುದನ್ನು ಎಷ್ಟು ನಂಬಬಹುದು ಅಂತ ಇಲ್ಲಿ ಹೇಳುತ್ತೇನೆ.

ನಾನು ಆಡುವುದು ಜಿಟಿಎಕ್ಸ್ 1650 ಅನ್ನುವ ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್‌ನಲ್ಲಿ. ನಮ್ಮ ಕಡೆ ಬಹಳ ಜನರ ಹತ್ತಿರ ಇರುವುದು ಹೆಚ್ಚುಕಮ್ಮಿ ಇಂಥದ್ದೇ. ಹಾಗಾಗಿ 'ಗೇಮ್ ಚೆನ್ನಾಗಿದೆಯಾ' ಅನ್ನುವ ಪ್ರಶ್ನೆಯೊಂದೇ ನನಗೆ ಸಾಲದು. 'ನನ್ನಂಥ ಮಷಿನ್‌ನಲ್ಲಿ, ಈ ತಿಂಗಳು, ಸರಿಯಾಗಿ ಓಡುತ್ತಾ' ಅನ್ನುವುದೂ ಗೊತ್ತಾಗಬೇಕು. ಈ ಎರಡನೇ ಪ್ರಶ್ನೆಗೆ ಉತ್ತರ ಕೊಡುವವರಿಗೆ ನನ್ನ ಹತ್ತಿರ ಅಂಕ ಜಾಸ್ತಿ.

ಮೊದಲು ಮೆಟಾಕ್ರಿಟಿಕ್. 2001ರಲ್ಲಿ ಶುರುವಾದದ್ದು. ಪತ್ರಿಕೆಗಳು, ಗೇಮಿಂಗ್ ಸೈಟುಗಳು ಕೊಟ್ಟ ಅಂಕಗಳನ್ನೆಲ್ಲ ನೂರರ ಲೆಕ್ಕಕ್ಕೆ ತಂದು, ಒಟ್ಟು ಸೇರಿಸಿ ಒಂದು ಸಂಖ್ಯೆ ಕೊಡುತ್ತದೆ. 75 ಅಥವಾ ಅದಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 74ರವರೆಗೆ ಹಳದಿ, ಅದಕ್ಕೂ ಕೆಳಗೆ ಕೆಂಪು. ಇದು ಬರೀ ಸರಾಸರಿ ಅಲ್ಲ. ಕೆಲವು ಸೈಟುಗಳ ಅಂಕಕ್ಕೆ ತೂಕ ಜಾಸ್ತಿ. ಯಾರಿಗೆ ಎಷ್ಟು ತೂಕ ಅಂತ ಮಾತ್ರ ಅವರು ಹೇಳುವುದಿಲ್ಲ. ಇಷ್ಟೊಂದು ಜನ ನಂಬುವ ಸಂಖ್ಯೆಯ ಲೆಕ್ಕ ಗುಟ್ಟಾಗಿರುವುದು ನನಗೆ ಸರಿ ಕಾಣುವುದಿಲ್ಲ.

ಆದರೂ ಮೆಟಾಕ್ರಿಟಿಕ್ ಬಿಟ್ಟಿಲ್ಲ. ಯಾಕೆಂದರೆ ಒಂದೇ ಪುಟದಲ್ಲಿ ಎಲ್ಲ ವಿಮರ್ಶೆಗಳ ಲಿಂಕ್ ಸಿಗುತ್ತದೆ. ನಾನು ಆ ಪಟ್ಟಿಯನ್ನು ಕೆಳಗಿನಿಂದ ಓದುತ್ತೇನೆ. 95 ಕೊಟ್ಟವರ ಹೊಗಳಿಕೆಯೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. 60 ಕೊಟ್ಟವರು ಹಾಗಲ್ಲ, ಯಾಕೆ ಕಡಿಮೆ ಕೊಟ್ಟೆ ಅಂತ ಬಿಡಿಸಿ ಹೇಳಲೇಬೇಕು. 'ಮೊದಲ ಹತ್ತು ಗಂಟೆ ಏನೂ ಆಗಲ್ಲ', 'ಒಂದೇ ಥರದ ಕೆಲಸ ಮತ್ತೆ ಮತ್ತೆ' ಅಂತ ಅವರು ಬರೆದಿದ್ದು ನನಗೆ ತೊಂದರೆ ಅನಿಸದಿದ್ದರೆ, ಆ ಗೇಮ್ ನನಗೆ ಹಿಡಿಸುತ್ತದೆ ಅಂತ ಅರ್ಥ. 90ರ ಮೇಲಿನ ಅಂಕಕ್ಕಿಂತ ಇದು ಎಷ್ಟೋ ಸಲ ಚೆನ್ನಾಗಿ ದಾರಿ ತೋರಿಸಿದೆ.

ಮೆಟಾಕ್ರಿಟಿಕ್‌ನ ದೊಡ್ಡ ಕೊರತೆ ಬೇರೆ ಇದೆ. ಅಲ್ಲಿನ ಅಂಕ ಗೇಮ್ ಬಿಡುಗಡೆಯಾದ ವಾರದಲ್ಲೇ ನಿಂತುಬಿಡುತ್ತದೆ. ಒಂದು ಸೈಟು ಮೊದಲು ಕೊಟ್ಟ ಅಂಕವನ್ನೇ ಅವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಆ ಸೈಟಿನವರೇ ಬದಲಾಯಿಸಿದರೂ ಮೆಟಾಕ್ರಿಟಿಕ್ ಒಪ್ಪುವುದಿಲ್ಲ. ಗೇಮ್ ಕಂಪನಿಗಳು ಒತ್ತಡ ಹಾಕಿ ಅಂಕ ತಿದ್ದಿಸಬಾರದು ಅನ್ನುವುದು ಇದರ ಹಿಂದಿನ ಕಾರಣ. ಕಾರಣವೇನೋ ನ್ಯಾಯವಾದದ್ದೇ. ಆದರೆ ಗೇಮ್ ಇವತ್ತು ಇದ್ದಂತೆ ನಾಳೆ ಇರುವುದಿಲ್ಲ ಅಲ್ವಾ?

ಸೈಬರ್‌ಪಂಕ್ 2077 ತೆಗೆದುಕೊಳ್ಳಿ. ಬಂದಿದ್ದು 2020ರ ಡಿಸೆಂಬರ್ 10ಕ್ಕೆ. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಕನ್ಸೋಲ್‌ಗಳಲ್ಲಿ ಹೇಗೆ ಓಡುತ್ತೆ ಅಂತ ಯಾರೂ ನೋಡಿರಲಿಲ್ಲ. ತಾವು ಆಡಿದ ದೃಶ್ಯವನ್ನು ವಿಡಿಯೊ ವಿಮರ್ಶೆಯಲ್ಲಿ ತೋರಿಸುವ ಹಾಗೂ ಇರಲಿಲ್ಲ. ಕಂಪನಿ ಕೊಟ್ಟ ತುಣುಕುಗಳನ್ನೇ ಹಾಕಬೇಕಿತ್ತು. ಮೊದಲು ಬಂದ ಅಂಕಗಳು ನೋಡಿದರೆ 90ರ ಆಸುಪಾಸು. ಅದನ್ನು ನಂಬಿ ಪ್ಲೇಸ್ಟೇಷನ್ 4ಕ್ಕೆ ಕೊಂಡವರಿಗೆ ಸಿಕ್ಕಿದ್ದು ಮಾತುಮಾತಿಗೆ ಕ್ರ್ಯಾಶ್ ಆಗುವ, ಮುಖಗಳೇ ಸರಿಯಾಗಿ ಮೂಡದ ಗೇಮ್. ಒಂದು ವಾರ ಕಳೆಯುವಷ್ಟರಲ್ಲಿ ಪ್ಲೇಸ್ಟೇಷನ್ ಮಾಡುವ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. ಮತ್ತೆ ಇಟ್ಟಿದ್ದು 2021ರ ಜೂನ್‌ನಲ್ಲಿ. ಪ್ಲೇಸ್ಟೇಷನ್ 4 ಆವೃತ್ತಿಗೆ ಮೆಟಾಕ್ರಿಟಿಕ್‌ನಲ್ಲಿ 57 ಬಂತು. ಆದರೆ ಅದು ಬರುವ ಹೊತ್ತಿಗೆ ಜನ ದುಡ್ಡು ಕೊಟ್ಟಾಗಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೇಮ್ ಮಾಡಿದ ತಂಡ ಕೈಬಿಡದೆ ತಪ್ಪು ಸರಿಪಡಿಸುವ ಪ್ಯಾಚ್ ಮೇಲೆ ಪ್ಯಾಚ್ ಕೊಟ್ಟಿತು. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂತು. ಕೌಶಲಗಳ ಪಟ್ಟಿ, ಪೊಲೀಸರು ಬೆನ್ನು ಹತ್ತುವ ರೀತಿ, ಕಾರಿನಲ್ಲಿ ಕೂತು ಗುಂಡು ಹಾರಿಸುವುದು, ಎಲ್ಲ ಬದಲಾಯಿತು. ಅದರ ಬೆನ್ನಿಗೇ ಫ್ಯಾಂಟಮ್ ಲಿಬರ್ಟಿ ಅನ್ನುವ ಹೊಸ ಕಥಾಭಾಗ ಬಂತು. ಈಗ ಆಡಿದರೆ ಅದು ನಿಜಕ್ಕೂ ಬೇರೆಯದೇ ಗೇಮ್. ಮೆಟಾಕ್ರಿಟಿಕ್‌ನಲ್ಲಿ ಪಿಸಿ ಆವೃತ್ತಿಯ ಅಂಕ ಎಷ್ಟು? ಆಗ ಕೊನೆಗೆ ನಿಂತಿದ್ದು 86, ಈಗಲೂ 86. ಆಗ ಕೊಂಡವನಿಗೆ ಅದು ಜಾಸ್ತಿ ಆಯ್ತು, ಈಗ ಕೊಳ್ಳುವವನಿಗೆ ಕಡಿಮೆ ಆಯ್ತು.

ಅಂಕ ಬದಲಾಯಿಸುವ ಪ್ರಯತ್ನವನ್ನು ಯಾರೂ ಮಾಡಿಲ್ಲ ಅಂತಲ್ಲ. 2013ರಲ್ಲಿ ಸಿಮ್‌ಸಿಟಿ ಬಂದಾಗ ಪಾಲಿಗಾನ್ ಸೈಟು ಮೊದಲು 9.5 ಕೊಟ್ಟಿತು. ಸರ್ವರ್ ಕುಸಿದು ಜನ ಆಡಲಾಗದೆ ಒದ್ದಾಡಿದಾಗ 8ಕ್ಕೆ ಇಳಿಸಿತು, ಆಮೇಲೆ 4ಕ್ಕೆ. ಸರಿಹೋದ ಮೇಲೆ 6.5. ಆಗ ಬಹಳ ಜನ ನಕ್ಕರು. ನನಗಂತೂ ಅದು ಸರಿಯಾದ ಕೆಲಸ ಅನಿಸುತ್ತದೆ. ಓದುವವನು ಯಾವ ದಿನ ಬಂದು ಓದಿದರೂ ಆ ದಿನದ ಸ್ಥಿತಿ ಗೊತ್ತಾಗಬೇಕು.

ಈ ಒಂದು ಸಂಖ್ಯೆಯಿಂದ ಗೇಮ್ ಮಾಡುವವರ ಹೊಟ್ಟೆಪಾಡಿಗೂ ಪೆಟ್ಟು ಬಿದ್ದಿದೆ. 2010ರ ಫಾಲ್ಔಟ್: ನ್ಯೂ ವೇಗಸ್ ಮಾಡಿದ ಆಬ್ಸಿಡಿಯನ್ ತಂಡಕ್ಕೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಅಂತ ಕರಾರಿತ್ತು. ಬಂದಿದ್ದು 84. ಒಂದು ಅಂಕಕ್ಕೆ ಬೋನಸ್ ಹೋಯಿತು. ಇವತ್ತಿಗೂ ಜನ ಹುಡುಕಿ ಆಡುವ ಗೇಮ್ ಅದು. ತೂಕದ ಲೆಕ್ಕ ಗುಟ್ಟಾಗಿರುವ ಒಂದು ಸಂಖ್ಯೆಗೆ ಕೆಲಸಗಾರರ ಸಂಪಾದನೆ ಕಟ್ಟಿಹಾಕುವುದು ತಪ್ಪು. ಇದರಲ್ಲಿ ಮೆಟಾಕ್ರಿಟಿಕ್‌ಗಿಂತ ಅಂಥ ಕರಾರು ಬರೆಯುವ ಪ್ರಕಾಶಕರ ತಪ್ಪೇ ಜಾಸ್ತಿ.

ಮೆಟಾಕ್ರಿಟಿಕ್‌ನಲ್ಲಿ ಬಳಕೆದಾರರ ಅಂಕ ಅಂತ ಇನ್ನೊಂದಿದೆ. ಅದನ್ನು ನಾನು ನೋಡುವುದೇ ಇಲ್ಲ. ಗೇಮ್ ಕೊಂಡಿರಬೇಕು, ಆಡಿರಬೇಕು ಅನ್ನುವ ಯಾವ ಕಟ್ಟುಪಾಡೂ ಅಲ್ಲಿಲ್ಲ. 2020ರ ಜೂನ್‌ನಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಬಂದಾಗ ವಿಮರ್ಶಕರ ಅಂಕ 93. ಬಳಕೆದಾರರದ್ದು ಮೊದಲ ದಿನಗಳಲ್ಲಿ ಹತ್ತಕ್ಕೆ ನಾಲ್ಕೂ ದಾಟಲಿಲ್ಲ. ಮುಗಿಸಲು ಇಪ್ಪತ್ತು ಗಂಟೆಗೂ ಮೇಲೆ ಬೇಕಾದ ಗೇಮ್‌ಗೆ ಮೊದಲ ದಿನವೇ ಸಾವಿರಾರು ಸೊನ್ನೆಗಳು. ಅದಾದ ಮೇಲೆ ಹೊಸ ಗೇಮ್ ಬಂದು 36 ಗಂಟೆ ಕಳೆಯುವವರೆಗೆ ಬಳಕೆದಾರರು ಬರೆಯುವಂತಿಲ್ಲ ಅಂತ ನಿಯಮ ತಂದರು. ಕಾಯಿಸಿದರೆ ಸಿಟ್ಟು ಸ್ವಲ್ಪ ಇಳಿಯಬಹುದು, ಆಡದೇ ಇರುವವನು ಆಡಿದವನಾಗುವುದಿಲ್ಲ.

'ವಿಮರ್ಶಕರೆಲ್ಲ ದುಡ್ಡು ತಿಂದಿದ್ದಾರೆ' ಅಂತ ಬರೆಯುವವರನ್ನು ಎಲ್ಲ ಕಡೆ ನೋಡುತ್ತೇನೆ. 2007ರಲ್ಲಿ ಕೇನ್ ಆಂಡ್ ಲಿಂಚ್ ಗೇಮ್‌ಗೆ ಹತ್ತಕ್ಕೆ ಆರು ಕೊಟ್ಟ ಜೆಫ್ ಗರ್ಸ್ಟ್‌ಮನ್ ಅವರನ್ನು ಗೇಮ್‌ಸ್ಪಾಟ್ ಕೆಲಸದಿಂದ ತೆಗೆಯಿತು. ಅದೇ ಸೈಟಿನ ತುಂಬ ಅದೇ ಗೇಮ್‌ನ ಜಾಹೀರಾತು ಇತ್ತು. ಅಂಥದ್ದು ನಡೆದಿದ್ದಕ್ಕೇ ಈ ಅನುಮಾನ ಇನ್ನೂ ಹೋಗಿಲ್ಲ. ಆದರೆ ನಾನು ಓದುವ ವಿಮರ್ಶಕರಲ್ಲಿ ಹೆಚ್ಚಿನವರು ಪ್ರಾಮಾಣಿಕರು ಅಂತ ನನ್ನ ನಂಬಿಕೆ. ಅವರ ಕಷ್ಟ ಬೇರೆ. ಬಿಡುಗಡೆಗೆ ಕೆಲವೇ ದಿನ ಮುಂಚೆ ಗೇಮ್ ಸಿಗುತ್ತದೆ, ಕಂಪನಿ ಹೇಳಿದ ಆವೃತ್ತಿಯೇ ಸಿಗುತ್ತದೆ, ಸರ್ವರ್‌ನಲ್ಲಿ ಜನ ತುಂಬುವ ಮುಂಚೆಯೇ ಬರೆದು ಮುಗಿಸಬೇಕು. ಕೈಯಲ್ಲಿರುವ ಮಷಿನ್ ಕೂಡ ನಮ್ಮದಕ್ಕಿಂತ ದುಬಾರಿಯದ್ದು. ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ 2025ರ ಫೆಬ್ರುವರಿಯಲ್ಲಿ ಬಂದಾಗ ವಿಮರ್ಶಕರ ಅಂಕ 90ರ ಹತ್ತಿರ ಇತ್ತು. ಸ್ಟೀಮ್‌ನಲ್ಲಿ ಮಾತ್ರ 'ಮಿಕ್ಸ್‌ಡ್', ಅಂದರೆ ಮೆಚ್ಚಿದವರೂ ಬೈದವರೂ ಹೆಚ್ಚುಕಮ್ಮಿ ಸಮ. ಪಿಸಿಯಲ್ಲಿ ಸರಿಯಾಗಿ ಓಡುತ್ತಿಲ್ಲ ಅನ್ನುವುದೇ ಜನರ ಮುಖ್ಯ ದೂರು. ಕೆಲವೇ ತಿಂಗಳಲ್ಲಿ ಹೊಸದಾಗಿ ಬಂದ ವಿಮರ್ಶೆಗಳ ಲೆಕ್ಕ ಅತಿ ಕೆಟ್ಟ ಮಟ್ಟಕ್ಕೆ ಇಳಿಯಿತು. ನನ್ನಂಥವನಿಗೆ ಬೇಕಾದ ಮಾಹಿತಿ ಇದ್ದದ್ದು ಅಲ್ಲಿ.

ಓಪನ್‌ಕ್ರಿಟಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2015ರಲ್ಲಿ ಬಂತು. ಪುಟ ನೀಟಾಗಿದೆ, ಗುಟ್ಟಿನ ತೂಕ ಇಲ್ಲ, ನೂರರಲ್ಲಿ ಎಷ್ಟು ವಿಮರ್ಶಕರು 'ಕೊಳ್ಳಿ' ಅಂದರು ಅಂತಲೂ ತೋರಿಸುತ್ತದೆ. ವಿಮರ್ಶಕರ ಅಂಕ ಮಾತ್ರ ಬೇಕಾದವರಿಗೆ ಮೆಟಾಕ್ರಿಟಿಕ್‌ಗಿಂತ ಇದೇ ವಾಸಿ.

ಈಗ ಸ್ಟೀಮ್. ನಾನು ಜಾಸ್ತಿ ಹೊತ್ತು ಕಳೆಯುವುದು ಇಲ್ಲೇ. ವಿಮರ್ಶೆ ಬರೆಯಲು ಗೇಮ್ ನಿಮ್ಮ ಖಾತೆಯಲ್ಲಿ ಇರಲೇಬೇಕು. ವಿಮರ್ಶೆಯ ಜೊತೆಗೇ ಎಷ್ಟು ಗಂಟೆ ಆಡಿದ್ದಾರೆ ಅಂತ ಕಾಣುತ್ತದೆ, ಬರೆಯುವ ಹೊತ್ತಿಗೆ ಎಷ್ಟಾಗಿತ್ತು ಅನ್ನುವುದೂ ಕಾಣುತ್ತದೆ. ಇದನ್ನು ನೋಡುವುದೇ ಒಂದು ಪಾಠ. ಒಬ್ಬರು ಹದಿನೈದು ನಿಮಿಷಕ್ಕೆ ಬೈದು ಬರೆದು, ಆಮೇಲೆ ಇನ್ನೂರು ಗಂಟೆ ಆಡಿದ್ದರೆ ಆ ಬೈಗುಳ ಬಿಟ್ಟುಬಿಡಬಹುದು. ನೂರು ಗಂಟೆ ಆಡಿ, ಕೊನೆಗೆ ಬೇಡ ಅಂತ ಹೆಬ್ಬೆರಳು ಕೆಳಗೆ ಮಾಡಿದವರನ್ನು ಮಾತ್ರ ತಪ್ಪದೇ ಓದಬೇಕು.

ಅದಕ್ಕಿಂತಲೂ ನನಗೆ ಇಷ್ಟವಾದದ್ದು ಅಲ್ಲಿನ ಗ್ರಾಫ್. ಗೇಮ್ ಬಂದ ದಿನದಿಂದ ಇವತ್ತಿನವರೆಗೆ ಮೇಲಕ್ಕೆ ನೀಲಿ ಗೆರೆ, ಕೆಳಕ್ಕೆ ಕೆಂಪು ಗೆರೆ. ನೋ ಮ್ಯಾನ್ಸ್ ಸ್ಕೈ ತೆರೆದು ನೋಡಿ. 2016ರ ಆಗಸ್ಟ್‌ನಲ್ಲಿ ಕೆಂಪೋ ಕೆಂಪು. ಆಮೇಲೆ ಪ್ರತಿ ದೊಡ್ಡ ಅಪ್‌ಡೇಟ್ ಬಂದಾಗ ನೀಲಿ ಏರಿದೆ. ಒಟ್ಟು ಲೆಕ್ಕ 'ವೆರಿ ಪಾಸಿಟಿವ್' ಮುಟ್ಟಿದ್ದು 2024ರ ನವೆಂಬರ್‌ನಲ್ಲಿ. ಆ ತಂಡ ಎಂಟು ವರ್ಷ ಪಟ್ಟ ಶ್ರಮ ಅಲ್ಲಿ ಕಣ್ಣಿಗೆ ಕಾಣುತ್ತದೆ. ಗ್ರಾಫ್‌ನಲ್ಲಿ ಒಂದು ಕಡೆ ಕೆಂಪು ದಿಢೀರನೆ ಎದ್ದಿದ್ದರೆ ಅಲ್ಲೇ ಒತ್ತಿ, ಆ ದಿನಗಳ ವಿಮರ್ಶೆ ಮಾತ್ರ ತೆರೆಯುತ್ತದೆ. ಹೆಲ್‌ಡೈವರ್ಸ್ 2ರಲ್ಲಿ 2024ರ ಮೇ ತಿಂಗಳಲ್ಲಿ ಅಂಥ ಕೆಂಪು ಇದೆ. ಪಿಸಿಯಲ್ಲಿ ಆಡುವವರಿಗೂ ಪ್ಲೇಸ್ಟೇಷನ್ ಖಾತೆ ಕಡ್ಡಾಯ ಅಂತ ಗೇಮ್‌ನ ಪ್ರಕಾಶಕರಾದ ಸೋನಿ ಹೇಳಿತು, ಆ ಸೇವೆಯೇ ಇಲ್ಲದ ದೇಶಗಳೂ ಬಹಳ ಇದ್ದವು, ಎರಡು ಲಕ್ಷಕ್ಕೂ ಮೇಲೆ ಕೆಟ್ಟ ವಿಮರ್ಶೆ ಬಂದವು, ಕೆಲವೇ ದಿನದಲ್ಲಿ ಸೋನಿ ಹಿಂದೆ ಸರಿಯಿತು. ಗೇಮ್ ಕೆಟ್ಟದ್ದಲ್ಲ, ಸಿಟ್ಟಿನ ಕಾರಣ ಬೇರೆ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಬರೀ ಒಂದು ಸಂಖ್ಯೆ ನೋಡಿದ್ದರೆ ಇದು ತಿಳಿಯುತ್ತಿರಲಿಲ್ಲ.

ಒಂದು ವಿಷಯ ಎಚ್ಚರಿಕೆ. 'ಓವರ್‌ವೆಲ್ಮಿಂಗ್ಲಿ ಪಾಸಿಟಿವ್', 95 ಪರ್ಸೆಂಟ್ ಅಂದರೆ ನೂರಕ್ಕೆ 95 ಅಂಕ ಅಲ್ಲ. ಸ್ಟೀಮ್‌ನಲ್ಲಿ ಇರುವುದು ಬೇಕು, ಬೇಡ ಅನ್ನುವ ಎರಡೇ ಗುಂಡಿ. 'ಪರವಾಗಿಲ್ಲ, ಟೈಂಪಾಸ್ ಆಯ್ತು' ಅನ್ನುವವರೂ 'ಜೀವಮಾನದಲ್ಲೇ ಇಂಥದ್ದು ಆಡಿಲ್ಲ' ಅನ್ನುವವರೂ ಒತ್ತುವುದು ಅದೇ ಹೆಬ್ಬೆರಳು. ನೂರು ಜನಕ್ಕೂ ಒಂದು ಗೇಮ್ ಸುಮಾರಾಗಿ ಹಿಡಿಸಿದರೆ ನೂರಕ್ಕೆ ನೂರು ಬಂದುಬಿಡುತ್ತದೆ. ಅದೂ ಅಲ್ಲದೆ, ಸಣ್ಣ ಗೇಮ್‌ಗಳನ್ನು ಅದೇ ಬಗೆ ಇಷ್ಟಪಡುವವರೇ ಹುಡುಕಿ ಕೊಳ್ಳುತ್ತಾರೆ, ಹಾಗಾಗಿ ಅಂಕ ಏರೇ ಏರುತ್ತದೆ. ಇನ್ನು ಅಲ್ಲಿನ ಕುಚೋದ್ಯದ ಒಂದು ಸಾಲಿನ ವಿಮರ್ಶೆಗಳನ್ನು ದಾಟಿ ಕೆಲಸಕ್ಕೆ ಬರುವುದನ್ನು ಹುಡುಕಲು ತಾಳ್ಮೆ ಬೇಕು. ಆಡಿದ ಗಂಟೆಯ ಫಿಲ್ಟರ್ ಹತ್ತರ ಮೇಲೆ ಇಟ್ಟರೆ ಕಸ ಬಹಳ ಕಡಿಮೆಯಾಗುತ್ತದೆ.

2025ರ ಆಗಸ್ಟ್‌ನಲ್ಲಿ ಸ್ಟೀಮ್ ಒಂದು ಒಳ್ಳೆಯ ಬದಲಾವಣೆ ತಂದಿತು. ಹೆಚ್ಚು ವಿಮರ್ಶೆ ಇರುವ ಗೇಮ್‌ಗಳಿಗೆ ಭಾಷೆವಾರು ಅಂಕ ತೋರಿಸತೊಡಗಿತು. ಮುಂದಿನ ತಿಂಗಳೇ ಹಾಲೋ ನೈಟ್: ಸಿಲ್ಕ್‌ಸಾಂಗ್ ಬಂತು. ಆ ತಂಡ ವಿಮರ್ಶಕರಿಗೆ ಮುಂಚಿತವಾಗಿ ಗೇಮ್ ಕೊಟ್ಟಿರಲಿಲ್ಲ, ಹಾಗಾಗಿ ಮೊದಲ ದಿನಗಳಲ್ಲಿ ಇದ್ದದ್ದು ಕೊಂಡವರ ಮಾತು ಮಾತ್ರ. ಬೇರೆ ಭಾಷೆಯವರು ಹೊಗಳುತ್ತಿದ್ದರೆ ಚೀನೀ ಭಾಷೆಯ ಅಂಕ ನೆಲ ಕಚ್ಚಿತ್ತು, ಅನುವಾದ ಕೆಟ್ಟದಾಗಿದೆ ಅಂತ. ಎರಡನ್ನೂ ಒಟ್ಟಿಗೆ ಕಲಸಿದ್ದರೆ ಇಬ್ಬರಿಗೂ ತಪ್ಪು ಮಾಹಿತಿ ಸಿಗುತ್ತಿತ್ತು. ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲ. ಇರಬೇಕು ಅಂತ ನನಗೆ ಬಹಳ ಆಸೆ. ಈಗ ಕನ್ನಡದಲ್ಲಿ ಬರೆದವರ ವಿಮರ್ಶೆ ಬೇರೆ ಭಾಷೆಯ ರಾಶಿಯಲ್ಲಿ ಸೇರಿಹೋಗುತ್ತದೆ.

ನನ್ನ ಅಂಕ ಹೀಗಿದೆ. ಮೆಟಾಕ್ರಿಟಿಕ್‌ಗೆ ಹತ್ತಕ್ಕೆ ಆರು, ಅದೂ ವಿಮರ್ಶೆಗಳ ಪಟ್ಟಿಗಾಗಿ. ಓಪನ್‌ಕ್ರಿಟಿಕ್‌ಗೆ ಏಳು. ಸ್ಟೀಮ್‌ಗೆ ಎಂಟೂವರೆ. ಇದರ ಜೊತೆ ಸ್ಟೀಮ್‌ನ ರೀಫಂಡ್ ಕೂಡ ಇದೆ: ಕೊಂಡ 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್. ಹೊಸ ಗೇಮ್ ಕೊಂಡರೆ ಮೊದಲು ಕಥೆ ನೋಡಬೇಡಿ. ಗದ್ದಲ ಇರುವ ಜಾಗಕ್ಕೆ ಹೋಗಿ, ಫ್ರೇಮ್ ರೇಟ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಸಂಖ್ಯೆ) ಎಷ್ಟು ಬೀಳುತ್ತೆ ನೋಡಿ, ಆಮೇಲೆ ನಿರ್ಧಾರ ಮಾಡಿ.

ಮೂರರಲ್ಲೂ ಸಿಗದ ಮಾಹಿತಿ ಒಂದಿದೆ: ನಮ್ಮ ಊರಿಂದ ಆಡಿದರೆ ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ, ಎಷ್ಟು ಅನ್ನುವುದು. ಒಳ್ಳೆಯ ಅಂಕ ಪಡೆದ ಒಂದು ಆನ್‌ಲೈನ್ ಶೂಟರ್ ಕೊಂಡೆ. ಹತ್ತಿರದಲ್ಲಿ ಎಲ್ಲೂ ಸರ್ವರ್ ಇಲ್ಲದೆ, ನಾನು ಗುಂಡು ಹಾರಿಸುವಷ್ಟರಲ್ಲಿ ಎದುರಿನವನು ಗೋಡೆ ಹಿಂದೆ ಹೋಗಿರುತ್ತಿದ್ದ. ಹಾಗಾಗಿ ನೀವು ಸ್ಟೀಮ್‌ನಲ್ಲಿ ಬರೆಯುವಾಗ ದಯವಿಟ್ಟು ಎರಡು ಸಾಲು ಸೇರಿಸಿ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಯಾವುದು, ಬೆಂಗಳೂರಿಂದಲೋ ಬೆಳಗಾವಿಯಿಂದಲೋ ಆಡಿದಾಗ ಪಿಂಗ್ ಎಷ್ಟು ಬಂತು. ನಾನು ಬರೆಯುವ ಪ್ರತಿ ವಿಮರ್ಶೆಯಲ್ಲೂ ಇವೆರಡನ್ನು ಮೊದಲು ಹಾಕುತ್ತೇನೆ.