ಮೂರೂವರೆ ಕ್ವಿಂಟಲ್ ಎರೆ ಮಣ್ಣು: ಒಂದು ಜೋಡಿ ಓಟದ ಶೂ, ಹದಿನಾಲ್ಕು ತಿಂಗಳು

ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ ಓಟ ಮುಗಿಸಿ ಬರುವಾಗ, ನಮ್ಮ ಓಣಿಯ ಕಿರಾಣಿ ಅಂಗಡಿಯ ಕಾಟಾದ ಮೇಲೆ ಹಳೆಯ ಪೇಪರ್ ಹಾಸಿ, ಮಾಲೀಕರ ಗೊಣಗಾಟವನ್ನು ಕೇಳಿಸಿಕೊಳ್ಳದವನಂತೆ ನನ್ನ ಎಡಗಾಲಿನ ಶೂ ಇಟ್ಟು ತೂಗಿದೆ. ಕೊಂಡ ದಿನ 270 ಗ್ರಾಂ ಇದ್ದ ಶೂ ಅಂದು 620 ಗ್ರಾಂ ತೋರಿಸಿತು. ಹೆಚ್ಚಿನ 350 ಗ್ರಾಂ ಪೂರ್ತಿ ಅಡಿಯ ಗ್ರಿಪ್‌ನ ಸಂದುಗಳಲ್ಲಿ ಕೂತಿದ್ದ ಎರೆ ಮಣ್ಣು. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನಾದ್ದರಿಂದ ಮನಸ್ಸು ಅಲ್ಲಿಗೇ ನಿಲ್ಲಲಿಲ್ಲ. ಒಂದು ಕಿಲೋಮೀಟರಿಗೆ ನಾನು ಇಡುವ ಹೆಜ್ಜೆ ಸುಮಾರು 1,000. ಹೆಜ್ಜೆಗೆ 350 ಗ್ರಾಂನಂತೆ ಎತ್ತಿದರೆ ಮೂರೂವರೆ ಕ್ವಿಂಟಲ್, ಅಂದರೆ ಕ್ವಿಂಟಲ್ ಚೀಲದ ಲೆಕ್ಕದಲ್ಲಿ ಮೂರೂವರೆ ಚೀಲ ತೊಗರಿಯನ್ನು ಪ್ರತಿ ಕಿಲೋಮೀಟರಿಗೂ ಕಾಲಿನಿಂದ ಎತ್ತಿ ಇಳಿಸಿದಂತಾಯಿತು. ನಮ್ಮ ಹಮಾಲರಿಗೆ ಇದಕ್ಕೆ ಕೂಲಿಯಾದರೂ ಸಿಗುತ್ತದೆ.

ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಈ ಬೆಲೆಯಲ್ಲಿ ನಾನು ಅಂಗಡಿಯಲ್ಲಿ ತಿರುವಿ ನೋಡಿದ ಬೇರೆ ಶೂಗಳ ಅಡಿಯೂ ಇದೇ ನಮೂನೆಯದಾಗಿತ್ತು. ಮೇ ತಿಂಗಳ ಸೇಲಿನಲ್ಲಿ 4,299 ರೂಪಾಯಿಗೆ ತೆಗೆದುಕೊಂಡೆ. ಅದಕ್ಕೂ ಮೊದಲು ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡ 900 ರೂಪಾಯಿಯ ಕ್ಯಾನ್ವಾಸ್ ಶೂನಲ್ಲಿ ಓಡುತ್ತಿದ್ದ ನನಗೆ ಇದು ಸಣ್ಣ ಖರ್ಚೇನೂ ಆಗಿರಲಿಲ್ಲ. ಡಾಂಬರು ರಸ್ತೆಯ ಮೇಲೆ, ನಮ್ಮ ಕಲಬುರಗಿಯ ಶರಣಬಸವೇಶ್ವರ ಕೆರೆಯ ಸುತ್ತ, ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಈ ಶೂ ಮೇಲೆ ನನಗೆ ಒಂದೇ ಒಂದು ದೂರೂ ಇಲ್ಲ. ದೂರು ಇರುವುದು ಭಾನುವಾರದ ದೀರ್ಘ ಓಟದ ಬಗ್ಗೆ. ಲಾರಿಗಳ ಭಯದಿಂದ ನಾನು ಆಳಂದ ರಸ್ತೆ ಬಿಟ್ಟು ಹೊಲದ ಬಂಡಿ ದಾರಿಗೆ ಇಳಿಯುತ್ತೇನೆ, ಮತ್ತು ಅಲ್ಲಿಂದಲೇ ಈ ಶೂನ ದುರ್ಗುಣ ಶುರುವಾಗುತ್ತದೆ.

ಎರೆ ಭೂಮಿಯ ಸ್ವಭಾವ ಗೊತ್ತಿರುವವರಿಗೆ ವಿವರಿಸಬೇಕಿಲ್ಲ. ಅದರೊಳಗಿನ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇವೆರಡರ ನಡುವಿನ ಹಸಿ ಹದದಲ್ಲಿ ಮಾತ್ರ ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಜೋರು ಮಳೆಯಲ್ಲಿ ಓಡಿದರೆ ಮಣ್ಣು ತೊಳೆದು ಹೋಗುತ್ತದೆ. ಮಳೆ ನಿಂತ ಮರುದಿನ ಬೆಳಿಗ್ಗೆಯೇ ಕಷ್ಟ. ಈ ಶೂನ ಗ್ರಿಪ್ ಸಣ್ಣ ಸಣ್ಣ ಷಟ್ಕೋನಗಳಾಗಿದ್ದು, ಸಂದುಗಳು ಆಳವಾಗಿಯೂ ಇಕ್ಕಟ್ಟಾಗಿಯೂ ಇರುವುದರಿಂದ ಒಮ್ಮೆ ಸೇರಿದ ಮಣ್ಣು ಎಷ್ಟು ಕಾಲು ಝಾಡಿಸಿದರೂ ಬೀಳುವುದಿಲ್ಲ, ಅದರ ಮೇಲೆ ಇನ್ನೊಂದು ಪದರ ಕೂರುತ್ತದೆ. ಪ್ರತಿ ಶೂಗೆ 100 ಗ್ರಾಂ ಭಾರ ಹೆಚ್ಚಿದರೆ ಅದೇ ವೇಗಕ್ಕೆ ದೇಹ ಬಳಸುವ ಆಮ್ಲಜನಕ ಸುಮಾರು ಶೇ 1ರಷ್ಟು ಹೆಚ್ಚುತ್ತದೆ ಎಂಬುದು ಓಟದ ಪ್ರಯೋಗಗಳಲ್ಲಿ ಕಂಡುಬಂದ ಸಂಗತಿ. ಶೂ ತಯಾರಕರು ಹತ್ತು ಗ್ರಾಂ ಇಳಿಸಿದ್ದನ್ನೂ ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯುವುದು ಇದೇ ಕಾರಣಕ್ಕೆ. ಆ ಹತ್ತು ಗ್ರಾಂ ನಮ್ಮ ಕಡೆ ಮೊದಲ ಹತ್ತು ಹೆಜ್ಜೆಯಲ್ಲೇ ವಾಪಸು ಬರುತ್ತದೆ.

ಒಮ್ಮೆ ಸಿಟ್ಟು ಬಂದು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಓಡಿದ್ದೂ ಉಂಟು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅಬೆಬೆ ಬಿಕಿಲಾ ಬರಿಗಾಲಲ್ಲಿಯೇ ಮ್ಯಾರಥಾನ್ ಗೆದ್ದವರು. ಆದರೆ ರೋಮಿನ ರಸ್ತೆಯಲ್ಲಿ ಜಾಲಿ ಮುಳ್ಳು ಇದ್ದಿರಲಾರದು. ನಾನು ಇನ್ನೂರು ಹೆಜ್ಜೆಗೇ ಕುಂಟುತ್ತ ಮತ್ತೆ ಶೂ ಹಾಕಿಕೊಂಡೆ.

ಗ್ರಾಹಕ ಸೇವೆಗೆ ಫೋಟೊ ಸಮೇತ ಬರೆದಾಗ, ಇದು ರಸ್ತೆ ಓಟದ ಶೂ ಆಗಿದ್ದು ಮಣ್ಣಿನ ದಾರಿಗೆ ಬೇರೆ ಮಾದರಿ ಲಭ್ಯವಿದೆ ಎಂಬ ನಯವಾದ ಉತ್ತರ ಬಂತು. ಆ ಬೇರೆ ಮಾದರಿಯ ಬೆಲೆ ನೋಡಿ ಪುಟ ಮುಚ್ಚಿದೆ.

ಹೀಗಾಗಿ ಮಳೆಗಾಲವಿಡೀ ಭಾನುವಾರ ಬೆಳಿಗ್ಗೆಗೊಂದು ಹೊಸ ಕೆಲಸ ಹುಟ್ಟಿಕೊಂಡಿತು. ಮಣ್ಣನ್ನು ಹಸಿಯಿದ್ದಾಗ ತೆಗೆಯಲು ಹೋದರೆ ಸಂದಿನಿಂದ ಸಂದಿಗೆ ಮೆತ್ತಿಕೊಳ್ಳುತ್ತದೆ, ಪೂರ್ತಿ ಒಣಗಿದ ಮೇಲೆ ಕಲ್ಲಾಗುತ್ತದೆ. ಸುಮಾರು ಒಂದೂವರೆ ಗಂಟೆ ಬಿಟ್ಟು, ಬೆಲ್ಲದಷ್ಟು ಗಟ್ಟಿಯಾದಾಗ, ಕಟ್ಟೆಯ ಮೇಲೆ ಕೂತು ಹಳೆಯ ಸ್ಕ್ರೂಡ್ರೈವರಿನಿಂದ ಒಂದೊಂದೇ ಷಟ್ಕೋನದ ಸುತ್ತ ಎಬ್ಬಿಸಿದರೆ ಇಡೀ ತುಂಡು ಅಚ್ಚಿನಿಂದ ಬಿದ್ದಂತೆ ಬೀಳುತ್ತದೆ. ಉಳಿದ ಪುಡಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಈ ಕೆಲಸದಲ್ಲಿ ನನಗೆ ಯಾವಾಗ ಸುಖ ಹತ್ತಿತೋ ತಿಳಿಯದು. ನೋಡುತ್ತ ಕೂತಿದ್ದ ಅವ್ವ ಒಂದು ದಿನ, “ಮಂದಿ ಹೊಲ ಎಲ್ಲ ಹೊತಗೊಂಡು ಬರ್ಲಿಕತ್ತಿ, ಹಂಗೇ ಪಹಣಿನೂ ನಿನ್ನ ಹೆಸರಿಗಿ ಮಾಡಿಸ್ಕೊ” ಎಂದಳು. ಆ ಮಣ್ಣೀಗ ಅವಳ ತುಳಸಿ ಕುಂಡದಲ್ಲಿದೆ.

ಇಷ್ಟು ಬೈದ ಮೇಲೆ ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಕ್ಯಾನ್ವಾಸ್ ಶೂ ಕಾಲದಲ್ಲಿ ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚುತ್ತಿತ್ತು. ಗೋಡೆ ಹಿಡಿದು ನಡೆಯುತ್ತಿದ್ದೆ. ಈ ಶೂ ಬಂದು ಎರಡು ತಿಂಗಳಲ್ಲಿ ಆ ನೋವು ಹೋಯಿತು. ಪೂರ್ತಿ ಶ್ರೇಯಸ್ಸನ್ನು ಶೂ ಅಡಿಯ ಮೆತ್ತನೆಯ ಫೋಮಿಗೇ ಕೊಡಲಾರೆ, ಏಕೆಂದರೆ ಅದೇ ಹೊತ್ತಿಗೆ ಓಡುವ ಕ್ರಮವನ್ನೂ ಬದಲಿಸಿದ್ದೆ. ಮೊದಲು ದಿನವೂ ಉಸಿರು ಕಟ್ಟುವಂತೆ ಓಡಿ, ಮೂರನೆಯ ದಿನ ಮಲಗಿಬಿಡುತ್ತಿದ್ದವನು, ಈಗ ವಾರದ ನಾಲ್ಕು ಓಟಗಳಲ್ಲಿ ಮೂರನ್ನು ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಬಲ್ಲಷ್ಟು ನಿಧಾನವಾಗಿ ಓಡುತ್ತೇನೆ. ಮಂಗಳವಾರ ಮಾತ್ರ ಕ್ರೀಡಾಂಗಣದಲ್ಲಿ 400 ಮೀಟರಿನ ಆರು ಸುತ್ತುಗಳನ್ನು ವೇಗವಾಗಿ, ನಡುವೆ ಎರಡೆರಡು ನಿಮಿಷ ನಡೆದು, ಮುಗಿಸುತ್ತೇನೆ. ನಲವತ್ಮೂರರ ವಯಸ್ಸಿನಲ್ಲಿ 10 ಕಿಲೋಮೀಟರಿಗೆ 71 ನಿಮಿಷ ತೆಗೆದುಕೊಳ್ಳುತ್ತಿದ್ದವನು ಜನವರಿಯ ಚಳಿಯಲ್ಲಿ 58 ನಿಮಿಷಕ್ಕೆ ಇಳಿದೆ. ಆ ಬೆಳಿಗ್ಗೆ ರಸ್ತೆ ಒಣಗಿತ್ತು ಎಂಬುದನ್ನು ಮರೆಯಬಾರದು.

ಓಟದ ನಂತರದ ಆರೈಕೆಗೆ ನಾನು ಹಣ ಹಾಕಿಲ್ಲ. ಉಪ್ಪು ಹಾಕಿದ ಎರಡು ಲೋಟ ಮಜ್ಜಿಗೆ, ಆಮೇಲೆ ಪಡಸಾಲೆಯ ಶಹಾಬಾದ್ ಫರಸಿಯ ಮೇಲೆ ಬರಿಗಾಲು ಚಾಚಿ ಕಾಲು ಗಂಟೆ ಮಲಗುವುದು, ರಾತ್ರಿ ಹತ್ತಕ್ಕೆ ನಿದ್ದೆ. ಹೊರಗೆ ಎಷ್ಟು ಕಾದರೂ ಬೆಳಗಿನ ಹೊತ್ತು ತಣ್ಣಗೇ ಇರುವ ಆ ಕಲ್ಲಿಗೆ ಮೀನಖಂಡ ತಾಗಿಸಿದಾಗ ಸಿಗುವ ಹಾಯನ್ನು ಸ್ನಾಯು ಉಜ್ಜಿಕೊಳ್ಳುವ ಯಾವ ಸಾವಿರ ರೂಪಾಯಿಯ ರೋಲರ್ ಕೊಡುತ್ತದೋ ಕಾಣೆ.

ಏಪ್ರಿಲ್‌ನಲ್ಲಿ ನಡೆದದ್ದು ಮಾತ್ರ ನನ್ನದೇ ತಪ್ಪು. ತೊಳೆದ ಶೂಗಳನ್ನು ಮಾಳಿಗೆಯ ಮೇಲೆ ಮಧ್ಯಾಹ್ನದ ಬಿಸಿಲಿಗೆ ಇಟ್ಟು ಮಿಲ್ಲಿಗೆ ಹೋದೆ. ಸಂಜೆ ಬಂದು ನೋಡಿದರೆ ಅಂಟು ಬಿಟ್ಟು ಮುಂಭಾಗ ಬಾಯಿ ತೆರೆದಿತ್ತು; ಇಂಥ ಶೂಗಳ ಫೋಮೂ ಅಂಟೂ ಶಾಖಕ್ಕೆ ಮೆತ್ತಗಾಗುತ್ತವೆ, ನೆರಳಲ್ಲಿ ಒಳಗೆ ಪೇಪರ್ ತುರುಕಿ ಒಣಗಿಸಬೇಕು. ರೈಲು ನಿಲ್ದಾಣದ ರಸ್ತೆಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಅದನ್ನು ಬಗ್ಗಿಸಿ ನೋಡಿ, “ಸಲ್ಯೂಷನ್ ಹಚ್ಚಿದ್ರ ಮತ್ತ ಬಿಡ್ತದ್ರಿ, ಸುತ್ತ ಹೊಲದು ಕೊಡ್ತೀನಿ” ಎಂದು ದಪ್ಪ ಕಪ್ಪು ದಾರದಿಂದ ಎರಡೂ ಶೂಗಳನ್ನು ಹೊಲಿದು 120 ರೂಪಾಯಿ ತೆಗೆದುಕೊಂಡರು. ಅಲ್ಲಿಂದ ಈವರೆಗೆ 250 ಕಿಲೋಮೀಟರ್ ಓಡಿದ್ದೇನೆ, ಒಂದು ಎಳೆಯೂ ಕಿತ್ತಿಲ್ಲ.

ಈಗ ಮತ್ತೆ ಜುಲೈ. ಒಟ್ಟು ಓಟ 1,040 ಕಿಲೋಮೀಟರ್. ಓಟದ ಶೂನ ಆಯುಷ್ಯವೆಂದು ಸಾಮಾನ್ಯವಾಗಿ ಹೇಳುವ 500ರಿಂದ 800 ಕಿಲೋಮೀಟರಿನ ಮಿತಿಯನ್ನು ದಾಟಿ ಬಹಳ ದಿನವಾಯಿತು. ಹಿಮ್ಮಡಿಯಡಿಯ ಫೋಮ್ ಸುಕ್ಕುಗಟ್ಟಿ, ಬೆರಳಿನಿಂದ ಒತ್ತಿದರೆ ಮರಳಿ ಏಳುವುದಿಲ್ಲ, ಹತ್ತು ಕಿಲೋಮೀಟರ್ ಓಡಿದ ಮರುದಿನ ಹಳೆಯ ನೋವು ಬಾಗಿಲಲ್ಲಿ ನಿಂತು ಕೆಮ್ಮುತ್ತದೆ. ರಸ್ತೆಯಲ್ಲಷ್ಟೇ ಓಡುವವರು ಸೇಲಿನಲ್ಲಿ ಇಂಥ ಶೂ ಕೊಳ್ಳಬಹುದು. ನಾನು ಮುಂದಿನ ಸಲ ಅಂಗಡಿಗೆ ಹೋದಾಗ ಮೊದಲು ಶೂ ತಿರುವಿ ಅಡಿ ನೋಡುತ್ತೇನೆ, ಸಂದುಗಳು ಬೆರಳು ತೂರುವಷ್ಟು ಅಗಲವಿದ್ದರೆ ಮಾತ್ರ ಬೆಲೆ ಕೇಳುತ್ತೇನೆ. ಕಳೆದ ಭಾನುವಾರ ಅದೇ ಬಂಡಿ ದಾರಿಯಿಂದ ಬಂದು, ಅದೇ ಕಾಟಾದ ಮೇಲೆ ಅದೇ ಎಡ ಶೂ ಇಟ್ಟೆ. ಗ್ರಿಪ್ ಸವೆದು ನುಣ್ಣಗಾಗಿರುವುದರಿಂದ ಮಣ್ಣಿಗೆ ಹಿಡಿತವೇ ಸಿಗಲಿಲ್ಲ: ತೂಕ 310 ಗ್ರಾಂ.