ಕೂಪೆ ನಾಲ್ಕು ವರ್ಷ, ಕನ್ವರ್ಟಿಬಲ್ ಆರು ವರ್ಷ: ಎರಡನ್ನೂ ಓಡಿಸಿದ ಮೇಲೆ ಬರೆದದ್ದು

ಮೊದಲು ನಾಲ್ಕು ವರ್ಷ ನನ್ನ ಹತ್ತಿರ ಒಂದು ಕೂಪೆ, ಅಂದರೆ ತೆರೆಯಲಾಗದ ಟಾಪ್ ಇರುವ ಎರಡು ಬಾಗಿಲಿನ ಕಾರು, ಇತ್ತು. ಅದನ್ನು ಕೊಟ್ಟು, ಟಾಪ್ (ಮೇಲ್ಛಾವಣಿ) ಮಡಚಿ ತೆರೆಯಬಹುದಾದ ಕನ್ವರ್ಟಿಬಲ್ ತೆಗೆದುಕೊಂಡು ಈಗ ಆರು ವರ್ಷ ಆಯಿತು. ಎರಡೂ ಒಂದೇ ಮಾಡೆಲ್, ಅದೇ ಆರು ಸಿಲಿಂಡರ್ ಎಂಜಿನ್, ಗೇರ್‌ಬಾಕ್ಸ್ ಕೂಡ ಅದೇ. ಹಾಗಾಗಿ ಟಾಪ್ ಒಂದರಿಂದ ಏನೇನು ಬದಲಾಗುತ್ತದೆ ಅನ್ನುವುದನ್ನು ಹತ್ತು ವರ್ಷದಲ್ಲಿ ಚೆನ್ನಾಗಿಯೇ ನೋಡಿದ್ದೇನೆ. ಯಾವ ಕಂಪನಿ ಅಂತ ಬರೆಯುತ್ತಿಲ್ಲ. ನಾನು ಹೇಳುವುದರಲ್ಲಿ ಹೆಚ್ಚಿನದು ಈ ಜಾತಿಯ ಯಾವ ಕಾರಿಗಾದರೂ ಹೊಂದುತ್ತದೆ. ಹೆಸರು ಹೇಳಿದರೆ ಮಾತೆಲ್ಲ ಆ ಕಂಪನಿಯ ಕಡೆಗೇ ಹೋಗಿಬಿಡುತ್ತದೆ.

ಈ ಥರದ ಕಾರು ನೋಡಲು ಹೊರಟವರು ಮೊದಲು ಕೇಳುವುದು ಹಾರ್ಸ್‌ಪವರ್ ಎಷ್ಟು, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅಂತ. ನಾನೂ ಅದನ್ನೇ ಕೇಳಿದ್ದೆ. ಈಗ ಕೇಳಿದರೆ, ಆ ಎರಡು ಸಂಖ್ಯೆಗಳಿಗೆ ನಾನು ಕೊಡುವ ಬೆಲೆ ತುಂಬಾ ಕಡಿಮೆ. ಕಾರಣ ಇದು. ಕೂಪೆಯ ಖುಷಿ ಪೂರ್ತಿ ಸಿಗಬೇಕಾದರೆ ವೇಗ ಬೇಕು. ಎಂಜಿನ್ ಬಾಯಿ ಬಿಟ್ಟು ಹಾಡುವುದು 5000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ದಾಟಿದ ಮೇಲೆ, ಸಸ್ಪೆನ್ಷನ್ ಎಷ್ಟು ಒಳ್ಳೆಯದು ಅಂತ ಗೊತ್ತಾಗುವುದು ತಿರುವಿನಲ್ಲಿ ಜೋರಾಗಿ ಹೋದಾಗ, ಆದರೆ ಎರಡನೇ ಗೇರ್ ಮುಗಿಯುವಷ್ಟರಲ್ಲಿ ನೀವು ರಸ್ತೆಯ ವೇಗದ ಮಿತಿ ದಾಟಿರುತ್ತೀರಿ. ನಾಲ್ಕು ವರ್ಷದಲ್ಲಿ ಆ ಕಾರನ್ನು ಅದರ ಶಕ್ತಿಗೆ ತಕ್ಕ ಹಾಗೆ ಓಡಿಸಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು, ಅದೂ ಟ್ರ್ಯಾಕ್ ಮೇಲೆ.

ಟಾಪ್ ತೆರೆದ ಕಾರಿಗೆ ಅಷ್ಟು ವೇಗ ಬೇಡ. 50ರಲ್ಲಿ ಹೋಗುತ್ತಿದ್ದರೂ ಸಾಕು. ಮರಗಳ ನೆರಳಿಗೆ ಬಂದ ಕೂಡಲೇ ಗಾಳಿ ತಣ್ಣಗಾಗುವುದು ಮುಖಕ್ಕೆ ಗೊತ್ತಾಗುತ್ತದೆ. ಪಕ್ಕದ ಗೋಡೆಗೆ ಬಡಿದು ವಾಪಸ್ ಬರುವ ಎಂಜಿನ್ ಸದ್ದು, ದೂರದಲ್ಲೆಲ್ಲೋ ಬಿದ್ದ ಮಳೆಯ ಮಣ್ಣಿನ ವಾಸನೆ, ಇವೆಲ್ಲ ಕೂಪೆಯೊಳಗೆ ಎಂದೂ ಬಂದಿರಲಿಲ್ಲ. ಸುಮ್ನೆ ಹತ್ತು ನಿಮಿಷದ ಕೆಲಸಕ್ಕೆ ಹೊರಟವನು ಸುತ್ತು ದಾರಿ ಹಿಡಿದು ಮನೆಗೆ ಬಂದದ್ದು ಎಷ್ಟು ಸಲವೋ. ನನಗಂತೂ ಇದೇ ದೊಡ್ಡ ವ್ಯತ್ಯಾಸ. ಕಾರನ್ನು ಮನೆಯಿಂದ ಹೊರಗೆ ತೆಗೆಯಬೇಕು ಅಂತ ಎಷ್ಟು ದಿನ ಅನಿಸುತ್ತದೆ ಅನ್ನುವುದೇ ನನ್ನ ಅಳತೆ. ಆ ಲೆಕ್ಕದಲ್ಲಿ ಕನ್ವರ್ಟಿಬಲ್ ಬಹಳ ಮುಂದಿದೆ.

ಹಾಗಂತ ಕೂಪೆ ಕಡಿಮೆ ಅಂತಲ್ಲ. ಕಾರಾಗಿ ನೋಡಿದರೆ ಅದೇ ಗಟ್ಟಿ. ಮುಚ್ಚಳ ಇರುವ ರಟ್ಟಿನ ಡಬ್ಬವನ್ನು ತಿರುಚಿ ನೋಡಿ, ಆಮೇಲೆ ಮುಚ್ಚಳ ತೆಗೆದು ತಿರುಚಿ ನೋಡಿ. ಕಾರಿನ ಬಾಡಿಗೂ ಅದೇ ಆಗುತ್ತದೆ. ಮೇಲಿನ ಲೋಹ ಹೋದ ಮೇಲೆ ಗಟ್ಟಿತನ ಕೆಳಗಿನಿಂದಲೇ ಬರಬೇಕು. ಅದಕ್ಕೇ ಬಾಗಿಲ ಕೆಳಗಿನ ಪಟ್ಟಿಯನ್ನು ದಪ್ಪ ಮಾಡುತ್ತಾರೆ, ಅಡಿಯಲ್ಲಿ ಅಡ್ಡಪಟ್ಟಿ ಹಾಕುತ್ತಾರೆ, ಮುಂಗಾಜಿನ ಚೌಕಟ್ಟನ್ನು ಬಲಪಡಿಸುತ್ತಾರೆ, ಟಾಪ್ ಮಡಚುವ ಮೋಟಾರು ಪಂಪು ಬೇರೆ. ತೂಕ ಏರದೆ ಇನ್ನೇನು ಆಗುತ್ತದೆ? ಇಷ್ಟೆಲ್ಲ ಮಾಡಿದರೂ ಹಾಳಾದ ರಸ್ತೆಯಲ್ಲಿ ಒಂದು ಸಣ್ಣ ನಡುಕ ಉಳಿದೇ ಉಳಿಯುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ಟಾಪ್ ತೆರೆದು, ಗುಂಡಿಗಳಿರುವ ರಸ್ತೆಗೆ ಹೋಗಿ, ಒಳಗಿನ ಕನ್ನಡಿಯನ್ನು ನೋಡಿ. ಅದರಲ್ಲಿ ಹಿಂದಿನ ವಾಹನ ಅದುರುತ್ತಿದ್ದರೆ ಬಾಡಿ ತಿರುಚುತ್ತಿದೆ ಅಂತ ಅರ್ಥ. ಶೋರೂಮಿನವರು ಸಾಮಾನ್ಯವಾಗಿ ನುಣುಪಾದ ರಸ್ತೆಗೇ ಕರೆದುಕೊಂಡು ಹೋಗುತ್ತಾರೆ. ಬೇರೆ ದಾರಿ ನೀವೇ ಕೇಳಿ.

ಎಂಜಿನ್ ಮಧ್ಯದಲ್ಲಿರುವ ಕಾರುಗಳಲ್ಲಿ ಈ ತೊಂದರೆ ಕಡಿಮೆ ಅನ್ನುವುದು ನನ್ನ ಅನುಭವ. ಓಡಿಸಿ ನೋಡಿದ ಪೋರ್ಷೆ ಬಾಕ್ಸ್‌ಸ್ಟರ್‌ನಲ್ಲಿ ನಡುಕ ಹುಡುಕಬೇಕಾಯಿತು. ಆ ಕಾರು 1996ರಲ್ಲಿ ಬಂದಾಗಿನಿಂದ ತೆರೆದ ಕಾರಾಗಿಯೇ ಯೋಚಿಸಿ ಮಾಡಿದ್ದು. ಅದರ ಮೇಲೆ ಟಾಪ್ ಕೂರಿಸಿದ ಕೇಮನ್ ಬಂದದ್ದು ಸುಮಾರು ಹತ್ತು ವರ್ಷ ಆದ ಮೇಲೆ. ಕೂಪೆಯ ತಲೆ ಕತ್ತರಿಸಿ ಮಾಡಿದ ಕನ್ವರ್ಟಿಬಲ್‌ಗೂ ಹುಟ್ಟಿನಿಂದಲೇ ತೆರೆದಿರುವ ಕಾರಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಬಟ್ಟೆಯ ಟಾಪ್ ಬೇಕಾ, ಮಡಚುವ ಲೋಹದ ಟಾಪ್ ಬೇಕಾ ಅನ್ನುವುದು ಮುಂದಿನ ಪ್ರಶ್ನೆ. 1996ರಲ್ಲಿ ಮರ್ಸಿಡಿಸ್ ಎಸ್‌ಎಲ್‌ಕೆ ಬಂದಾಗ, ಗುಂಡಿ ಒತ್ತಿದರೆ ಲೋಹದ ಟಾಪ್ 25 ಸೆಕೆಂಡಿನಲ್ಲಿ ಡಿಕ್ಕಿಯೊಳಗೆ ಮಡಚಿಕೊಳ್ಳುವುದನ್ನು ನೋಡಿ ಇನ್ನು ಬಟ್ಟೆಯ ಕಾಲ ಮುಗಿಯಿತು ಅಂದುಕೊಂಡವರು ಜಾಸ್ತಿ. ಹಾಗಾಗಲಿಲ್ಲ. 2009ರ ಬಿಎಂಡಬ್ಲ್ಯೂ ಝಡ್4 ಲೋಹದ ಟಾಪ್‌ಗೆ ಹೋಯಿತು, 2018ರಲ್ಲಿ ಬಂದ ಮುಂದಿನ ಪೀಳಿಗೆ ಮತ್ತೆ ಬಟ್ಟೆಗೆ ಬಂತು. ಅದೇ ಕಂಪನಿಯ 4 ಸೀರೀಸ್ ಕನ್ವರ್ಟಿಬಲ್‌ದೂ ಅದೇ ಕಥೆ. ಮರ್ಸಿಡಿಸ್ ಎಸ್‌ಎಲ್ ಕೂಡ 2021ರಲ್ಲಿ ಬಟ್ಟೆಗೆ ಮರಳಿತು, ಅದರಿಂದಲೇ 21 ಕಿಲೋ ಉಳಿಯಿತು, ಅದೂ ಕಾರಿನ ತೀರಾ ಮೇಲಿನ ಭಾಗದಲ್ಲಿ. ಡಿಕ್ಕಿಯ ಲೆಕ್ಕ ನೋಡಿದರೆ ಇನ್ನೂ ಸ್ಪಷ್ಟ. ಲೋಹದ ಟಾಪ್‌ನ ಝಡ್4ರಲ್ಲಿ ಮುಚ್ಚಿದಾಗ 310 ಲೀಟರ್, ತೆರೆದಾಗ 180 ಲೀಟರ್ ಜಾಗ. ಬಟ್ಟೆಯ ಹೊಸ ಝಡ್4ರಲ್ಲಿ ತೆರೆದರೂ ಮುಚ್ಚಿದರೂ 281 ಲೀಟರ್. ಎರಡು ದಿನದ ಪ್ರಯಾಣಕ್ಕೆ ಬ್ಯಾಗ್ ತುಂಬಿ, ಟಾಪ್ ತೆರೆಯಲು ಆಗುವುದಿಲ್ಲ ಅಂದರೆ ಆ ಕಾರು ತೆಗೆದುಕೊಂಡದ್ದು ಯಾಕೆ?

ಲೋಹದ ಟಾಪ್‌ಗೆ ಒಂದೇ ಒಂದು ಕಡೆ ನಾನು ಪೂರ್ತಿ ಅಂಕ ಕೊಡುತ್ತೇನೆ. ವರ್ಷಪೂರ್ತಿ ಕಾರು ರಸ್ತೆ ಬದಿಯಲ್ಲೇ ನಿಲ್ಲುವುದಾದರೆ ಅದೇ ಸರಿ. ಬಟ್ಟೆಯನ್ನು ಯಾರಾದರೂ ಬ್ಲೇಡಿನಲ್ಲಿ ಕೊಯ್ಯಬಹುದು, ಹಕ್ಕಿಯ ಹಿಕ್ಕೆ ಬಿದ್ದು ಒಣಗಿದರೆ ಕಲೆ ಉಳಿಯುತ್ತದೆ.

ಇನ್ನು ನೀರಿನ ವಿಷಯ. ತೆಗೆದುಕೊಳ್ಳುವ ಮುಂಚೆ ಇದನ್ನು ನನಗೆ ಯಾರೂ ಹೇಳಲಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬಟ್ಟೆಯ ಟಾಪ್ ಮೇಲೆ ಬಿದ್ದ ಮಳೆನೀರೆಲ್ಲ ಅದರ ಅಂಚಿನ ಕಾಲುವೆಗೆ ಇಳಿದು, ಅಲ್ಲಿಂದ ಸಣ್ಣ ಪೈಪುಗಳಲ್ಲಿ ಕಾರಿನ ಅಡಿಗೆ ಹೋಗುತ್ತದೆ. ಆ ಪೈಪಿನ ಬಾಯಿಗೆ ಎಲೆ, ಧೂಳು ಸೇರಿ ಕೆಸರಾದರೆ ನೀರು ಒಳಗೆ ಬರುತ್ತದೆ. ಎರಡನೇ ವರ್ಷ ನನಗೆ ಹಾಗೇ ಆಯಿತು. ಒಳಗೆ ಮುಗ್ಗಲು ವಾಸನೆ, ಸೀಟಿನ ಕೆಳಗಿನ ಕಾರ್ಪೆಟ್ ಒದ್ದೆ. ವರ್ಕ್‌ಶಾಪ್‌ನವರು ಮೊದಲು ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಬದಲಾಯಿಸಿದರು, ಸೋರುವುದು ನಿಲ್ಲಲಿಲ್ಲ. ಇನ್ನೊಬ್ಬ ಮೆಕ್ಯಾನಿಕ್ ಟಾಪ್ ಅರ್ಧ ತೆರೆದು ನಿಲ್ಲಿಸಿ, ಕಾಲುವೆಗೆ ಒಂದು ಲೋಟ ನೀರು ಸುರಿದು, ಕೆಳಗೆ ಬಗ್ಗಿ ನೋಡಿದರು. ಒಂದು ಹನಿಯೂ ಬೀಳಲಿಲ್ಲ. ಹತ್ತು ನಿಮಿಷದಲ್ಲಿ ಕಸ ತೆಗೆದರು. ಆದರೆ ಅಷ್ಟರಲ್ಲಿ ಸೀಟಿನ ಕೆಳಗಿದ್ದ ಕಂಟ್ರೋಲ್ ಯೂನಿಟ್ ಕೆಟ್ಟಿತ್ತು. ಈಗ ವರ್ಷಕ್ಕೆ ಎರಡು ಸಲ ನಾನೇ ನೀರು ಸುರಿದು ನೋಡುತ್ತೇನೆ. ಹಳೆಯ ಕನ್ವರ್ಟಿಬಲ್ ನೋಡಲು ಹೋದಾಗ ನೀವೂ ಕಾರ್ಪೆಟ್ ಕೆಳಗೆ ಕೈ ಹಾಕಿ ಒತ್ತಿ ನೋಡಿ, ಮಾರುವವರು ಏನಾದರೂ ಅಂದುಕೊಳ್ಳಲಿ.

ಬಟ್ಟೆಯ ಆರೈಕೆ ಕಷ್ಟವೇನಲ್ಲ. ಪ್ರೆಶರ್ ವಾಷ್ ಹತ್ತಿರದಿಂದ ಹೊಡೆಯಬಾರದು, ಮೆತ್ತನೆಯ ಬ್ರಷ್ ಮತ್ತು ನೀರು ಸಾಕು, ಒದ್ದೆ ಇರುವಾಗ ಮಡಚಿಡಬಾರದು. ವರ್ಷಕ್ಕೊಮ್ಮೆ ನೀರು ಹಿಡಿಯದಂತೆ ಮಾಡುವ ಸ್ಪ್ರೇ. ಬೀಡಿಂಗ್‌ಗೆ ರಬ್ಬರಿಗೆಂದೇ ಬರುವ ಗ್ರೀಸ್ ಸವರಿದರೆ ಕಿರಕಿರ ಸದ್ದು ಅರ್ಧ ನಿಲ್ಲುತ್ತದೆ.

ಮನೆಯವರ ಮಾತು ಹೇಳಲೇಬೇಕು. ಈ ಕಾರನ್ನು ಒಬ್ಬರೇ ಓಡಿಸುವುದಿಲ್ಲ, ಅಲ್ವಾ? ಕೂಪೆ ಇದ್ದಾಗ ಅಮ್ಮ ಅದರಲ್ಲಿ ಕೂರುತ್ತಲೇ ಇರಲಿಲ್ಲ. ಮಂಡಿ ನೋವು, ಸೀಟು ನೆಲಕ್ಕೆ ಹತ್ತಿರ, ಮೇಲೆ ತಲೆ ತಗಲುತ್ತದೆ. ಎರಡು ಬಾಗಿಲಿನ ಕಾರಿನಲ್ಲಿ ಬಾಗಿಲು ಉದ್ದ ಬೇರೆ, ಪಕ್ಕದಲ್ಲಿ ಇನ್ನೊಂದು ಕಾರು ನಿಂತಿದ್ದರೆ ಪೂರ್ತಿ ತೆರೆಯಲೂ ಬರುವುದಿಲ್ಲ. ಕನ್ವರ್ಟಿಬಲ್ ಬಂದ ಮೇಲೆ, ಟಾಪ್ ಮೊದಲೇ ತೆರೆದಿಟ್ಟರೆ ಅಮ್ಮ ತಲೆ ಬಗ್ಗಿಸದೆ, ಮುಂಗಾಜಿನ ಅಂಚು ಹಿಡಿದು, ನಿಂತೇ ಒಳಗೆ ಇಳಿದು ಕೂರಬಹುದು ಅಂತ ಗೊತ್ತಾಯಿತು. ಈಗ ಸಂಜೆ ಒಂದು ಸುತ್ತು ಹೋಗೋಣವೇ ಅಂತ ಅವರೇ ಕೇಳುತ್ತಾರೆ. ಯಾವ ವಿಮರ್ಶೆಯಲ್ಲೂ ನಾನು ಇದನ್ನು ಓದಿರಲಿಲ್ಲ.

ಹೆಂಡತಿಯ ದೂರು ಬೇರೆ. ಹೈವೇಯಲ್ಲಿ 100 ದಾಟಿದರೆ ಮಾತು ಕೇಳಿಸುವುದಿಲ್ಲ ಅನ್ನುತ್ತಾಳೆ, ಅದು ನಿಜ. ಗಾಳಿ ಮುಂಗಾಜಿನ ಮೇಲಿನಿಂದ ಹಾರಿ, ಹಿಂದೆ ಸುತ್ತಿ, ಕುತ್ತಿಗೆಗೆ ಬಂದು ಬಡಿಯುತ್ತದೆ. ಸೀಟುಗಳ ಹಿಂದೆ ನಿಲ್ಲಿಸುವ ಜಾಲರಿ ಹಾಕಿ, ಪಕ್ಕದ ಗಾಜು ಏರಿಸಿದರೆ ಬಹಳಷ್ಟು ಕಡಿಮೆ ಆಗುತ್ತದೆ. ಆ ಜಾಲರಿ ಇಲ್ಲದ ಕಾರು ತೆಗೆದುಕೊಳ್ಳಬೇಡಿ. ಕುತ್ತಿಗೆಗೆ ಬಿಸಿಗಾಳಿ ಊದುವ ಸೀಟನ್ನು ಮರ್ಸಿಡಿಸ್ 2004ರ ಎಸ್‌ಎಲ್‌ಕೆಯಲ್ಲಿ ತಂದಿತು, ಚಳಿಯಲ್ಲಿ ಅದು ನಿಜವಾಗಿ ಕೆಲಸ ಮಾಡುತ್ತದೆ. ಆದರೂ ಐದಾರು ಗಂಟೆಯ ಹೈವೇ ಪ್ರಯಾಣವೇ ನಿಮ್ಮ ಹೆಚ್ಚಿನ ಓಡಾಟ ಆಗಿದ್ದರೆ ಕೂಪೆಯೇ ತೆಗೆದುಕೊಳ್ಳಿ. ಟಾಪ್ ಮುಚ್ಚಿದರೂ ಲಾರಿಯ ಪಕ್ಕ ಹೋಗುವಾಗ ಬಟ್ಟೆ ಸದ್ದನ್ನು ಒಳಗೆ ಬಿಡುತ್ತದೆ, ಹಿಂದಿನ ಮೂಲೆ ಸರಿಯಾಗಿ ಕಾಣುವುದೂ ಇಲ್ಲ. ಅಂಥ ದಿನಗಳಲ್ಲಿ ನನ್ನ ಹಳೆಯ ಕಾರು ಈಗಲೂ ನೆನಪಾಗುತ್ತದೆ.

ಹಿಂದಿನ ಸೀಟನ್ನು ನಂಬಬೇಡಿ. ಪೋರ್ಷೆ 911ರಲ್ಲಾಗಲಿ ಎಸ್‌ಎಲ್‌ನಲ್ಲಾಗಲಿ ಅದು ಬ್ಯಾಗ್ ಇಡುವ ಜಾಗ. ದೊಡ್ಡವರು ಕೂರುವಂಥದ್ದೇ ಬೇಕಿದ್ದರೆ 4 ಸೀರೀಸ್ ಅಥವಾ 2023ರಲ್ಲಿ ಬಂದ ಮರ್ಸಿಡಿಸ್ ಸಿಎಲ್‌ಇ ಅಳತೆಯ ಕಾರು ನೋಡಿ. ಅವು ಅಷ್ಟು ಚುರುಕಲ್ಲ, ಆದರೆ ನಾಲ್ಕು ಜನಕ್ಕೆ ಆಗುತ್ತವೆ.

ಇನ್ನೊಂದು ವಿಷಯ ಎರಡಕ್ಕೂ ಸೇರಿದ್ದು. ಬಾಗಿಲ ಗಾಜಿಗೆ ಚೌಕಟ್ಟು ಇರುವುದಿಲ್ಲ. ಹಿಡಿ ಎಳೆದ ಕೂಡಲೇ ಗಾಜು ಸ್ವಲ್ಪ ಕೆಳಗಿಳಿದು ಬೀಡಿಂಗ್‌ನಿಂದ ಬಿಡಿಸಿಕೊಳ್ಳುತ್ತದೆ. ಬ್ಯಾಟರಿ ಸತ್ತಿದ್ದರೆ ಇಳಿಯುವುದಿಲ್ಲ, ಆಗ ಜೋರಾಗಿ ಬಾಗಿಲು ಎಳೆದರೆ ಬೀಡಿಂಗ್ ಹರಿಯಬಹುದು. ವಾರಗಟ್ಟಲೆ ನಿಲ್ಲುವ ಕಾರಿಗೆ ಬ್ಯಾಟರಿ ಚಾರ್ಜ್ ಕಾಯುವ ಸಣ್ಣ ಚಾರ್ಜರ್ ಮೊದಲ ದಿನವೇ ಕೊಳ್ಳಿ.

ಹೊಸದು ಕೊಳ್ಳುವವರಿಗೆ ಆಯ್ಕೆ ಕಡಿಮೆ ಆಗುತ್ತಿರುವುದು ನನಗೆ ನಿಜಕ್ಕೂ ಬೇಸರದ ವಿಷಯ. ಮರ್ಸಿಡಿಸ್ ಎಸ್‌ಎಲ್‌ಸಿ (ಎಸ್‌ಎಲ್‌ಕೆಯ ನಂತರದ ಹೆಸರು) 2020ರಲ್ಲಿ ನಿಂತಿತು, ಆಡಿ ಟಿಟಿ 2023ರಲ್ಲಿ, ಜಾಗ್ವಾರ್ ಎಫ್-ಟೈಪ್ 2024ರಲ್ಲಿ. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಯಂತ್ರ) ಇಲ್ಲದ ಎಂಜಿನ್ ಬೇಕು ಅನ್ನುವವರಿಗಂತೂ ಇನ್ನೂ ಕಷ್ಟ. 5 ಲೀಟರ್ ವಿ8 ಇರುವ ಲೆಕ್ಸಸ್ ಎಲ್‌ಸಿ 500 ಓಡಿಸಿ ನೋಡಿದ್ದೆ, ಆ ಸದ್ದನ್ನು ಟಾಪ್ ತೆರೆದು ಒಮ್ಮೆ ಕೇಳಿದರೆ ಮರೆಯುವುದು ಕಷ್ಟ. ಹಾಗಾಗಿ ಹಲವರು ಹಳೆಯ ಕಾರಿನ ಕಡೆಗೇ ಹೋಗುತ್ತಾರೆ. ಹೋದರೆ ಟಾಪ್ ಅನ್ನು ಕನಿಷ್ಠ ಐದು ಸಲ ತೆರೆದು ಮುಚ್ಚಿ ನೋಡಿ, ಮಧ್ಯದಲ್ಲಿ ತಡವರಿಸಿದರೆ ಪಂಪ್ ಅಥವಾ ಸೆನ್ಸರ್ ಕಡೆ ಅನುಮಾನ ಪಡಿ. ಕರೆಂಟ್ ಇಲ್ಲದೆ ಕೈಯಿಂದ ಮುಚ್ಚುವುದು ಹೇಗೆ ಅಂತ ಮಾರುವವರ ಹತ್ತಿರವೇ ಮಾಡಿಸಿ ನೋಡಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಕಡಿಮೆ ಓಡಿದ ಕಾರಿನಲ್ಲಿ ಟೈರು ಸವೆಯದೆಯೇ ಹಳೆಯದಾಗಿರುತ್ತದೆ. ಟೈರಿನ ಗೆರೆಗಳ ಆಳ ಮಾತ್ರ ನೋಡಿ ಮೋಸ ಹೋಗಬೇಡಿ, ವರ್ಷ ನೋಡಿ.

ನನ್ನ ಕಾರಿನ ಹಿಂದಿನ ಟೈರು ಈಗ ಮೂರನೇ ಜೊತೆ ಮುಗಿಯುತ್ತಾ ಬಂದಿದೆ. ಹಿಂದಿನದು ಅಗಲ, ಮುಂದಿನದು ಕಿರಿದು, ಹಾಗಾಗಿ ಹಿಂದೆ ಮುಂದೆ ಅದಲುಬದಲು ಮಾಡಲೂ ಬರುವುದಿಲ್ಲ. ಮುಂದಿನ ತಿಂಗಳು 20 ಇಂಚಿನ ಚಕ್ರ ಬಿಟ್ಟು 19 ಇಂಚಿಗೆ ಹೋಗುತ್ತಿದ್ದೇನೆ. ಗೆಳೆಯರೊಬ್ಬರ ಅದೇ ಮಾಡೆಲ್ ಕಾರಿನಲ್ಲಿ ನೋಡಿದೆ, ನಮ್ಮ ಮನೆ ಹತ್ತಿರದ ಅದೇ ಗುಂಡಿಯ ರಸ್ತೆಯಲ್ಲಿ ಕನ್ನಡಿ ಅದುರಲಿಲ್ಲ.