ಕಪ್ಪು ಗಾಜಿನ ಟಚ್ ಇಂಡಕ್ಷನ್ ಒಲೆ: ಏಳು ವರ್ಷ ಬಳಸಿದ ಮೇಲೆ

ನಮ್ಮ ಅಡುಗೆಮನೆಯ ಕಟ್ಟೆಯಲ್ಲಿ ಕೂರಿಸಿದ ನಾಲ್ಕು ಬರ್ನರ್‌ಗಳ ಇಂಡಕ್ಷನ್ ಒಲೆಗೆ ಈಗ ಏಳು ವರ್ಷ ತುಂಬಿದೆ. ಅದರ ಮೇಲ್ಮೈ ಪೂರ್ತಿ ಒಂದೇ ಹಾಳೆಯ ಕಪ್ಪು ಗಾಜು. ಎಲ್ಲಿಯೂ ಒಂದು ಗುಂಡಿಯಿಲ್ಲ, ಒಂದು ತೂತಿಲ್ಲ, ಮುಂದಿನ ಅಂಚಿನಲ್ಲಿ ಬೆರಳಿಟ್ಟರೆ ಬೆಳಗುವ ಕೆಲವು ಚಿಹ್ನೆಗಳಷ್ಟೇ ಇವೆ. ಕೊಳ್ಳುವಾಗ ನನ್ನನ್ನು ಸೆಳೆದದ್ದು ಈ ನೋಟವೇ. ಇಷ್ಟು ವರ್ಷ ಬಳಸಿದ ಮೇಲೆ ಈ ಒಲೆ ಬಿಸಿ ಮಾಡುವ ರೀತಿಯ ಬಗ್ಗೆ ನನ್ನ ಗೌರವ ಹೆಚ್ಚಿದೆ, ಅದನ್ನು ನಿಯಂತ್ರಿಸಬೇಕಾದ ರೀತಿಯ ಬಗ್ಗೆ ಬೇಸರ ಬಲಿತಿದೆ. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಬೇಕಾದ ದೋಷ ಒಂದು ಕಂಪನಿಗೆ ಸೇರಿದ್ದಲ್ಲ. ಮಾರಾಟಕ್ಕಿಟ್ಟಿರುವ ಇಂಥ ಒಲೆಗಳಲ್ಲಿ ಬಹುಪಾಲು ಇದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ.

ಒಳ್ಳೆಯದನ್ನು ಮೊದಲು ಹೇಳುವುದು ನ್ಯಾಯ. ಗಾಜಿನ ಕೆಳಗಿರುವ ತಾಮ್ರದ ಸುರುಳಿಯಲ್ಲಿ ಅಧಿಕ ಆವರ್ತನದ ವಿದ್ಯುತ್ ಹರಿಯುವಾಗ ಹುಟ್ಟುವ ಕಾಂತಕ್ಷೇತ್ರವು ಪಾತ್ರೆಯ ತಳದಲ್ಲೇ ಪ್ರವಾಹಗಳನ್ನು ಎಬ್ಬಿಸುವುದರಿಂದ, ನೇರವಾಗಿ ಬಿಸಿಯೇರುವುದು ಪಾತ್ರೆ. ಗಾಜಿಗೆ ಸಿಗುವ ಬಿಸಿ ಪಾತ್ರೆಯಿಂದ ಮರಳಿ ಬಂದದ್ದು. ಹಾಗಾಗಿ ಶಾಖ ಕೂಡಲೇ ಏರುತ್ತದೆ, ಕೂಡಲೇ ಇಳಿಯುತ್ತದೆ, ಉಕ್ಕಿ ಬಿದ್ದದ್ದು ಗಾಜಿನ ಮೇಲೆ ಕರಕಲಾಗುವುದೂ ಕಡಿಮೆ. ಆಯಸ್ಕಾಂತ ಅಂಟುವ ತಳದ ಪಾತ್ರೆಗಳೇ ಬೇಕೆಂಬ ಕಟ್ಟುಪಾಡಿಗೆ ನಾವು ಬೇಗ ಒಗ್ಗಿಕೊಂಡೆವು. ಗಾಜು-ಸೆರಾಮಿಕ್ ಹಾಳೆ ಬಿಸಿಗೆ ಹಿಗ್ಗುವುದು ತೀರ ಅತ್ಯಲ್ಪವಾದ್ದರಿಂದ ಏಳು ವರ್ಷಗಳಲ್ಲಿ ಒಂದು ಬಿರುಕೂ ಬಿಟ್ಟಿಲ್ಲ. ಒರೆಸುವುದು ನಿಜಕ್ಕೂ ಸುಲಭ, ಒಂದು ಒದ್ದೆ ಬಟ್ಟೆ ಸಾಕು. ಇವಿಷ್ಟನ್ನೂ ನಾನು ಮನಸಾರೆ ಮೆಚ್ಚುತ್ತೇನೆ.

ತೊಂದರೆ ಇರುವುದು ಬೆರಳಿಡುವ ಆ ಒಂದು ಗೇಣು ಜಾಗದಲ್ಲಿ. ಗಾಜಿನ ಅಡಿಯ ಸಂವೇದಕಗಳು ತಮ್ಮ ಸುತ್ತಲಿನ ವಿದ್ಯುತ್ ಕ್ಷೇತ್ರದಲ್ಲಾಗುವ ಬದಲಾವಣೆಯನ್ನು ಅಳೆದು ಬೆರಳು ಬಂದದ್ದನ್ನು ತಿಳಿಯುತ್ತವೆ. ಆ ಕ್ಷೇತ್ರವನ್ನು ಬೆರಳಿನ ಹಾಗೆ ನೀರೂ ಕಲಕಬಲ್ಲದು. ಅಡುಗೆಮನೆ ಎಂದರೆ ಒದ್ದೆ ಕೈ, ಆವಿ, ಎಣ್ಣೆಯ ಜಿಡ್ಡು, ಚೆಲ್ಲಿದ ನೀರು. ಪಾತ್ರೆಯಲ್ಲಿದ್ದದ್ದು ಉಕ್ಕತೊಡಗಿದಾಗ ಬೇಕಾಗಿರುವುದು ಆ ಒಂದು ಬರ್ನರಿನ ಶಾಖವನ್ನು ಥಟ್ಟನೆ ತಗ್ಗಿಸುವುದು. ನಮ್ಮ ಒಲೆಯಲ್ಲಿ ಅದಕ್ಕೆ ಮೊದಲು ಬರ್ನರಿನ ಚಿಹ್ನೆಯನ್ನು ಮುಟ್ಟಿ, ಅದು ಬೆಳಗುವವರೆಗೆ ಕಾದು, ಬಳಿಕ ಇಳಿಕೆಯ ಚಿಹ್ನೆಯನ್ನು ಶಾಖದ ಒಂದೊಂದು ಹಂತಕ್ಕೂ ಒಂದೊಂದು ಸಲ ಒತ್ತಬೇಕು. ಅಷ್ಟರಲ್ಲಿ ಉಕ್ಕಿದ್ದು ಹರಿದು ಪ್ಯಾನೆಲ್ ತಲುಪಿದರೆ ಒಲೆ ಕೂಗಿ, ನಾಲ್ಕೂ ಬರ್ನರ್‌ಗಳನ್ನು ಆರಿಸಿಬಿಡುತ್ತದೆ. ಇದು ಸುರಕ್ಷತೆಗಾಗಿ ಮಾಡಿದ ಏರ್ಪಾಡು, ಆ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೇಯುತ್ತಿದ್ದ ಉಳಿದ ಮೂರು ಪಾತ್ರೆಗಳೂ ನಿಂತುಹೋಗಿ, ಸುಡುವ ದ್ರವವನ್ನು ಒರೆಸಿ ಒಣಗಿಸುವ ತನಕ ಒಲೆ ನಮ್ಮ ಮಾತು ಕೇಳುವುದಿಲ್ಲ. ಹಳೆಯ ಒಲೆಯಲ್ಲಿ ಇದೇ ಕೆಲಸ ಮಣಿಕಟ್ಟಿನ ಒಂದು ತಿರುವಿನಲ್ಲಿ, ಕಣ್ಣು ಪಾತ್ರೆಯ ಮೇಲಿದ್ದಂತೆಯೇ ಮುಗಿಯುತ್ತಿತ್ತು.

ಇದಕ್ಕಿಂತ ಆಳದ ದೋಷವೊಂದು ನನಗೆ ಅರ್ಥವಾಗಲು ಕೆಲವು ವರ್ಷಗಳೇ ಬೇಕಾದವು. ನಮ್ಮ ಮನೆಯ ಹಿರಿಯರೊಬ್ಬರ ದೃಷ್ಟಿ ಮಂಕಾಗುತ್ತ ಬಂತು. ಅಡುಗೆ ಅವರ ಜೀವನದ ಅಭ್ಯಾಸ. ಅದನ್ನು ಬಿಡುವ ಮನಸ್ಸು ಅವರಿಗಿರಲಿಲ್ಲ, ಬಿಡಿಸುವ ಮನಸ್ಸು ನಮಗೂ ಇರಲಿಲ್ಲ. ಗಾಜಿನ ಮೇಲೆ ಚಿಹ್ನೆಗಳಿರುವಲ್ಲಿ ಉಬ್ಬು ಚುಕ್ಕಿಗಳನ್ನು ಅಂಟಿಸಿ ನೋಡಿದೆವು. ಚುಕ್ಕಿಯನ್ನು ಬೆರಳಿನಿಂದ ತಡವಿ ಹುಡುಕುವಾಗಲೇ ಒಲೆ ಅದನ್ನು ಆಜ್ಞೆ ಎಂದು ತಿಳಿದು ಒಂದು ಬರ್ನರನ್ನು ಹಚ್ಚುತ್ತಿತ್ತು, ಇನ್ನೊಂದನ್ನು ಆರಿಸುತ್ತಿತ್ತು. ತಿರುಗುಗುಂಡಿಯನ್ನು ಮುಟ್ಟುವುದು ಬೇರೆ, ತಿರುಗಿಸುವುದು ಬೇರೆ. ಎರಡರ ನಡುವೆ ಕೈಗೆ ಯೋಚಿಸಿಕೊಳ್ಳಲು ಅವಕಾಶವಿದೆ, ಗುಂಡಿಯ ಮೇಲಿನ ಗೀರು ಎತ್ತ ತಿರುಗಿದೆ ಎಂಬುದನ್ನು ಮುಟ್ಟಿಯೇ ತಿಳಿಯಬಹುದು. ಟಚ್ ಪ್ಯಾನೆಲಿನಲ್ಲಿ ಹುಡುಕುವುದೂ ಆಜ್ಞೆ ಕೊಡುವುದೂ ಒಂದೇ ಕ್ರಿಯೆಯಾಗಿಬಿಟ್ಟಿದೆ. ಸ್ಪರ್ಶದ ಹೆಸರು ಹೊತ್ತ ಈ ಸಾಧನ ಸ್ಪರ್ಶದಿಂದ ಏನನ್ನೂ ತಿಳಿಸುವುದಿಲ್ಲ. ಆ ಹಿರಿಯರು ಈಗ ಒಲೆ ಹಚ್ಚಬೇಕಾದರೆ ನಮ್ಮಲ್ಲಿ ಒಬ್ಬರನ್ನು ಕರೆಯುತ್ತಾರೆ. ಇದು ನನ್ನನ್ನು ನೋಯಿಸುತ್ತದೆ. ಕಣ್ಣು ಮಂಜಾದರೂ ಅವರ ಕೈಗಳ ಚಾತುರ್ಯ ಹೋಗಿರಲಿಲ್ಲ. ಅದನ್ನು ನಿರುಪಯೋಗಿ ಮಾಡಿದ್ದು ನಾನು ಅಂದಕ್ಕೆ ಮರುಳಾಗಿ ಆರಿಸಿ ತಂದ ಗಾಜು.

ಯಾವ ಗುಂಡಿ ಯಾವ ಬರ್ನರಿಗೆ ಸೇರಿದ್ದು ಎಂಬ ಪ್ರಶ್ನೆ ಹೊಸದಲ್ಲ. ವಿನ್ಯಾಸ ಚಿಂತಕ ಡೊನಾಲ್ಡ್ ನಾರ್ಮನ್ ಅವರು 1980ರ ದಶಕದಲ್ಲೇ ಒಲೆಯನ್ನು ಉದಾಹರಣೆಯಾಗಿ ಎತ್ತಿಕೊಂಡು, ಗುಂಡಿಗಳ ಜೋಡಣೆ ಬರ್ನರ್‌ಗಳ ಜೋಡಣೆಯನ್ನೇ ಹೋಲಬೇಕೆಂದು ವಿವರಿಸಿದ್ದರು. ಟಚ್ ಒಲೆ ಆ ಹಳೆಯ ತೊಡಕನ್ನು ಬಿಡಿಸುವ ಗೋಜಿಗೆ ಹೋಗದೆ, ಬಹಳ ಕಡೆ ನಾಲ್ಕು ಬರ್ನರ್‌ಗಳಿಗೂ ಒಂದೇ ಏರಿಳಿತದ ಪಟ್ಟಿಯನ್ನು ಕೊಟ್ಟು ಇನ್ನೊಂದು ಹೆಜ್ಜೆಯನ್ನು ಸೇರಿಸಿತು.

ಹೀಗಿದ್ದೂ ಈ ವಿನ್ಯಾಸ ಇಷ್ಟು ಹಬ್ಬಿದ್ದೇಕೆ? ಸ್ಪರ್ಶದಿಂದ ನಡೆಯುವ ಪರದೆಯನ್ನು ಬ್ರಿಟನ್ನಿನ ಇ. ಎ. ಜಾನ್ಸನ್ 1965ರಲ್ಲೇ ವಿವರಿಸಿದ್ದರೂ, ಅದು ಎಲ್ಲರ ಆಸೆಯ ವಸ್ತುವಾದದ್ದು 2007ರಲ್ಲಿ ಐಫೋನ್ ಬಂದ ಮೇಲೆ. ಫೋನಿನಲ್ಲಿ ಅದಕ್ಕೆ ಗಟ್ಟಿ ಕಾರಣವಿತ್ತು: ಅಂಗೈಯಗಲದ ಜಾಗದಲ್ಲಿ ಕ್ಷಣಕ್ಕೊಂದು ಕೆಲಸ ಬದಲಾಗುವುದರಿಂದ ಗುಂಡಿಗಳೂ ಬದಲಾಗಬೇಕು, ಮತ್ತು ಬಳಸುವವನ ಕಣ್ಣು ಹೇಗೂ ಪರದೆಯ ಮೇಲೆಯೇ ಇರುತ್ತದೆ. ಒಲೆಯ ಕೆಲಸ ದಶಕಗಳಿಂದ ಬದಲಾಗಿಲ್ಲ, ಅಡುಗೆ ಮಾಡುವವರ ಕಣ್ಣು ಇರಬೇಕಾದದ್ದು ಪಾತ್ರೆಯಲ್ಲಿ. ಕಾರಣವನ್ನು ಅಲ್ಲೇ ಬಿಟ್ಟು ರೂಪವನ್ನಷ್ಟೇ ಹೊತ್ತು ತಂದಾಗ ಅದು ಬಟ್ಟೆ ಒಗೆಯುವ ಯಂತ್ರಕ್ಕೂ ಓವನ್ನಿಗೂ ಮೇಜಿನ ದೀಪಕ್ಕೂ ಕಿವಿಯ ಇಯರ್‌ಫೋನಿಗೂ ಅಂಟಿಕೊಂಡಿತು. ತಯಾರಕರಿಗೂ ಇದು ಅನುಕೂಲ. ಗಾಜಿಗೆ ತೂತು ಕೊರೆಯಬೇಕಿಲ್ಲ, ಒಂದೇ ಬಗೆಯ ಸರ್ಕ್ಯೂಟ್ ಹಲವು ಮಾದರಿಗಳಿಗೆ ಒದಗುತ್ತದೆ. ಮೊದಲು ಕಂಡಾಗ ಬೆರಗು ಹುಟ್ಟಿಸಿದ ಕಪ್ಪು ಗಾಜು, ಮನೆಯ ಹತ್ತು ಉಪಕರಣಗಳಲ್ಲಿ ಎಂಟರ ಮೇಲೆ ಕಂಡಾಗ ಕಣ್ಣಿಗೂ ಸಪ್ಪೆ, ಕೈಗೂ ಹೊರೆ.

ಬೇರೆ ಕ್ಷೇತ್ರಗಳಲ್ಲಿ ಇದರ ಪರಿಣಾಮ ನನ್ನ ಅಡುಗೆಮನೆಯ ಕಿರಿಕಿರಿಗಿಂತ ಎಷ್ಟೋ ಗಂಭೀರವಾಗಿದೆ. 2017ರ ಆಗಸ್ಟ್‌ನಲ್ಲಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಸಿಂಗಪುರದ ಬಳಿ ತೈಲ ಹಡಗಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ತನಿಖೆಯಲ್ಲಿ ತರಬೇತಿಯ ಕೊರತೆಯ ಜೊತೆಗೆ, ಚುಕ್ಕಾಣಿ ಮತ್ತು ವೇಗವನ್ನು ನಿಯಂತ್ರಿಸುತ್ತಿದ್ದ ಟಚ್ ಪರದೆಯ ಗೊಂದಲವೂ ಎದ್ದು ಕಂಡಿತು. 2019ರಲ್ಲಿ ನೌಕಾಪಡೆ ಆ ವರ್ಗದ ಹಡಗುಗಳಿಗೆ ಕೈಯಲ್ಲಿ ಹಿಡಿದು ತಳ್ಳುವ ಯಾಂತ್ರಿಕ ಥ್ರಾಟಲ್‌ಗಳನ್ನು ಮರಳಿ ತರಲು ನಿರ್ಧರಿಸಿತು. ಸ್ವೀಡನ್ನಿನ ವಿ ಬಿಲೇಗಾರೆ ಪತ್ರಿಕೆ 2022ರಲ್ಲಿ ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡುವ ಕಾರುಗಳಲ್ಲಿ ಕೆಲವು ಸಾಮಾನ್ಯ ಕೆಲಸಗಳಿಗೆ ತಗಲುವ ಸಮಯವನ್ನು ಅಳೆದಾಗ, ಗುಂಡಿಗಳಿದ್ದ 2005ರ ವೋಲ್ವೊ ಕಾರಿನಲ್ಲಿ ಅವು 10 ಸೆಕೆಂಡಿನಲ್ಲಿ ಮುಗಿದವು. ಅತಿ ನಿಧಾನವಾದ ಪರದೆಯ ಕಾರಿಗೆ ಸುಮಾರು 45 ಸೆಕೆಂಡು ಬೇಕಾಯಿತು, ಅಷ್ಟರಲ್ಲಿ ಕಾರು 1.3 ಕಿ.ಮೀ.ಗೂ ಹೆಚ್ಚು ದೂರ ಸಾಗಿತ್ತು. ಯುರೋಪಿನ ವಾಹನ ಸುರಕ್ಷತಾ ಸಂಸ್ಥೆ ಯೂರೋ ಎನ್‌ಕ್ಯಾಪ್ ಕೂಡ 2026ರ ಮೌಲ್ಯಮಾಪನದಿಂದ ಹಾರ್ನ್, ವೈಪರ್, ಇಂಡಿಕೇಟರ್ ಮುಂತಾದವುಗಳಿಗೆ ಪ್ರತ್ಯೇಕ ಭೌತಿಕ ನಿಯಂತ್ರಣ ಇರಬೇಕೆಂಬ ಅಂಶಕ್ಕೆ ತೂಕ ಕೊಟ್ಟಿದೆ.

ಈ ಸಪಾಟು ಗಾಜನ್ನು ಸಮರ್ಥಿಸುವವರು ಸರಳತೆಯ ಹೆಸರು ಹೇಳುತ್ತಾರೆ. ನಾನು ಸರಳ ವಸ್ತುಗಳನ್ನು ಪ್ರೀತಿಸುವವನು, ಆದ್ದರಿಂದಲೇ ಈ ಮಾತು ಒಪ್ಪಿಗೆಯಾಗುವುದಿಲ್ಲ. ಕಡಿಮೆಯೇ ಸಾಕು ಎಂಬ ವಿನ್ಯಾಸ ದೃಷ್ಟಿಗೆ ಹೆಸರಾದ ಡೀಟರ್ ರಾಮ್ಸ್ ಅವರು ಡೀಟ್ರಿಶ್ ಲುಬ್ಸ್ ಜೊತೆ ಬ್ರೌನ್ ಕಂಪನಿಗೆ ರೂಪಿಸಿದ ಇಟಿ 66 ಕ್ಯಾಲ್ಕುಲೇಟರನ್ನು ನೋಡಬೇಕು. ಅದರಲ್ಲಿ ಅಲಂಕಾರದ ಗೆರೆಯೊಂದೂ ಇಲ್ಲ, ಆದರೆ ಪ್ರತಿಯೊಂದು ಗುಂಡಿಯೂ ದುಂಡಗೆ ಉಬ್ಬಿಕೊಂಡು ಬೆರಳಿಗೆ ತಾನೆಲ್ಲಿದ್ದೇನೆಂದು ಹೇಳುತ್ತದೆ. ಅಲ್ಲಿ ಬೇಡದ್ದನ್ನು ತೆಗೆದಿದ್ದಾರೆ, ನಮ್ಮ ಒಲೆಯಲ್ಲಿ ಬೇಕಾದದ್ದನ್ನು ಮರೆಮಾಡಿದ್ದಾರೆ.

ಬಾಳಿಕೆಯ ಬಗ್ಗೆ ಎರಡು ಮಾತು. ಐದನೆಯ ವರ್ಷ ಎಡಬದಿಯ ಹಿಂದಿನ ಬರ್ನರಿನ ಚಿಹ್ನೆ ಸ್ಪರ್ಶಕ್ಕೆ ಓಗೊಡುವುದನ್ನು ನಿಲ್ಲಿಸಿತು. ಸುರುಳಿ ಸರಿಯಾಗಿಯೇ ಇತ್ತು. ಆದರೂ ಒಂದು ಚಿಹ್ನೆಗಾಗಿ ನಿಯಂತ್ರಣದ ಸರ್ಕ್ಯೂಟ್ ಬೋರ್ಡ್ ಪೂರ್ತಿ ಬದಲಾಯಿಸಬೇಕಾಯಿತು. ಉಳಿದ ಚಿಹ್ನೆಗಳ ಬೆಳಕೂ ಈಗ ಒಂದೇ ಸಮನಾಗಿಲ್ಲ, ಹಗಲಿನ ಬೆಳಕಿನಲ್ಲಿ ಬಗ್ಗಿ ನೋಡಬೇಕಾಗುತ್ತದೆ. ಒರೆಸುವಾಗ ಒಲೆ ತಾನಾಗಿ ಹತ್ತಿಕೊಳ್ಳದಂತೆ ಲಾಕ್ ಹಾಕುವ ಅಭ್ಯಾಸ ಮಾಡಿಕೊಂಡಿದ್ದೇವೆ. ಹಾಕಲು ಮೂರು ಸೆಕೆಂಡು, ತೆಗೆಯಲು ಮೂರು ಸೆಕೆಂಡು.

ಕೊಳ್ಳುವ ಯೋಚನೆಯಲ್ಲಿರುವವರಿಗೆ ಹೇಳುವುದಾದರೆ, ಇಂಡಕ್ಷನ್ ತಂತ್ರವನ್ನು ನಿಸ್ಸಂಕೋಚವಾಗಿ ಆರಿಸಿಕೊಳ್ಳಿ, ನಿಯಂತ್ರಣದ ವಿಷಯದಲ್ಲಿ ಮಾತ್ರ ಪಟ್ಟು ಹಿಡಿಯಿರಿ. ಗುಂಡಿಯಿದ್ದರೆ ಒರೆಸುವುದು ಕಷ್ಟ ಎಂಬ ವಾದಕ್ಕೂ ಉತ್ತರವಿದೆ: ಜರ್ಮನಿಯ ನೆಫ್ ಕಂಪನಿಯ ಟ್ವಿಸ್ಟ್‌ಪ್ಯಾಡ್‌ನಂಥ ತಿರುಗುಗುಂಡಿ ಆಯಸ್ಕಾಂತದ ಬಲದಿಂದ ಗಾಜಿನ ಮೇಲೆ ಕೂರುತ್ತದೆ, ಒರೆಸುವಾಗ ಎತ್ತಿಡಬಹುದು. ಒಲೆಯ ಮುಂಭಾಗದಲ್ಲಿ ಮಾಮೂಲಿ ಗುಂಡಿಗಳಿರುವ ಮಾದರಿಗಳೂ ಕೆಲವಿವೆ, ಹುಡುಕಬೇಕಷ್ಟೆ. ಕೊಳ್ಳುವ ಮುನ್ನ ಬೆರಳನ್ನು ಒದ್ದೆ ಮಾಡಿಕೊಂಡು, ಕಣ್ಣನ್ನು ಬೇರೆಡೆಗಿಟ್ಟು, ಒಂದು ಬರ್ನರಿನ ಶಾಖವನ್ನು ಪೂರ್ತಿಯಿಂದ ಅರ್ಧಕ್ಕೆ ಇಳಿಸಿ ನೋಡಿ. ನಮ್ಮ ಈ ಒಲೆ ಇನ್ನೂ ಕೆಲವು ವರ್ಷ ನಡೆಯಬಹುದು, ಆದರೂ ಅಷ್ಟು ಕಾಯುವುದಿಲ್ಲ. ಮುಂದಿನ ಒಲೆ ತರಲು ಹೋಗುವಾಗ ಆ ಹಿರಿಯರನ್ನು ಜೊತೆಗೆ ಕರೆದೊಯ್ಯುತ್ತೇನೆ. ಅವರ ಕೈ ಒಪ್ಪಿದ್ದನ್ನೇ ತರುವುದೆಂದು ಮಾತಾಗಿದೆ.